ಎರಿ ನೆಲದಾಗ ಟ್ರ್ಯಾಕ್, ಬಯಲ ಗಾಳಿಗೆ ಫ್ರೇಮ್: ಗ್ರಿಪ್ ಕೆಲಸದ ಪ್ರಶ್ನೋತ್ತರ

ಈ ವಾರ ಉತ್ತರ ಕೊಡೋರು ಇಬ್ಬರು: ಒಬ್ಬರು ಕೀ ಗ್ರಿಪ್ (ಸಿನಿಮಾ ಶೂಟಿಂಗಿನಾಗ ಟ್ರ್ಯಾಕ್, ಸ್ಟ್ಯಾಂಡ್, ಫ್ರೇಮ್ ಕಟ್ಟೋ ತಂಡದ ಮುಖ್ಯಸ್ಥರು), ಇನ್ನೊಬ್ಬರು ಲೈಟ್ ವಿಭಾಗದ ಮುಖ್ಯಸ್ಥ, ಅಂದರೆ ಗ್ಯಾಫರ್. ಪ್ರಶ್ನೆ ಹಾಕುವಾಗ ನೆಲ ಯಾವುದು, ಕ್ಯಾಮೆರಾ ತೂಕ ಎಷ್ಟು, ಕೈಯಾಗ ಮಂದಿ ಎಷ್ಟು ಅಂತ ಬರೀರಿ. "ಯಾವ ಸ್ಟ್ಯಾಂಡ್ ಛಲೋ" ಅಂತ ಬರೇ ಅಷ್ಟೇ ಕೇಳಿದರೆ ಉತ್ತರ ಸಿಗಂಗಿಲ್ಲ.

ಪ್ರಶ್ನೆ (ಜಮಖಂಡಿ): ಕಬ್ಬಿನ ಹೊಲದ ದಂಡಿಗುಂಟ 40 ಅಡಿ ಟ್ರ್ಯಾಕ್ ಹಾಕಬೇಕ್ರಿ. ಡಾಲಿ (ಹಳಿ ಮ್ಯಾಲೆ ಓಡೋ ಕ್ಯಾಮೆರಾ ಬಂಡಿ) ಮ್ಯಾಲೆ ಇಬ್ಬರು ಕುಂದರತಾರ. ಎರಿ ನೆಲ, ನಾಕ ದಿನದ ಹಿಂದ ಮಳಿ ಆಗೈತಿ. ನಿನ್ನೆ ಟೆಸ್ಟ್ ಮಾಡಿದಾಗ ಮೊದಲನೇ ಟೇಕ್ ನುಣ್ಣಗ ಬಂತು, ಎರಡನೇದರಾಗ ನಡುವ ಒಂದ ಕಡೆ ಕ್ಯಾಮೆರಾ ಕುಸದಂಗ ಆತು. ಬೆಣೆ ಕಡಿಮಿ ಬಿದ್ದುವೇನ್ರಿ?

ಕೀ ಗ್ರಿಪ್: ಬೆಣೆ ಕಡಿಮೆ ಬಿದ್ದಿಲ್ಲ, ಬೆಣೆಯ ಕೆಳಗೆ ಏನೂ ಇಲ್ಲ. ಎರಿ ನೆಲ ಮೇಲೆ ಒಣಗಿ ಬಿರಿದಿದ್ದರೂ ನಾಲ್ಕು ಬೆರಳು ಕೆಳಗೆ ಹಸಿ ಇರುತ್ತದೆ. ಡಾಲಿ, ಇಬ್ಬರು ಮನುಷ್ಯರು, ಕ್ಯಾಮೆರಾ ಕೂರುವ ಹೆಡ್, ಕ್ಯಾಮೆರಾ ಸೇರಿದರೆ 250 ಕೆಜಿ ಆಗಬಹುದು. ಅಷ್ಟು ಭಾರ ಎರಡು ಬೆರಳಗಲದ ಕಟ್ಟಿಗೆ ತುಂಡುಗಳ ಮೂಲಕ ಮಣ್ಣಿಗೆ ಇಳಿಯುತ್ತದೆ. ಮೊದಲ ಟೇಕಿಗೆ ಬೆಣೆ ಮಣ್ಣಿನಲ್ಲಿ ಹೂತಿತು. ಡಾಲಿ ದಾಟಿದ ಮೇಲೆ ಹಳಿ ಮತ್ತೆ ನೆಟ್ಟಗಾಯಿತು, ಆದರೆ ಅದರ ಕೆಳಗೆ ಈಗ ಸಂದು. ಸಂದು ಕಣ್ಣಿಗೆ ಕಾಣುವುದಿಲ್ಲ. ಎರಡನೇ ಸಲ ಡಾಲಿ ಅಲ್ಲಿಗೆ ಬಂದಾಗ ಹಳಿ ಆ ಸಂದಿನಷ್ಟು ಬಗ್ಗಿತು. ನೀವು ಕಂಡ ಕುಸಿತ ಅದೇ.

ಭಾರವನ್ನು ಅಗಲಕ್ಕೆ ಹರಡಬೇಕು. 18 ಮಿಮೀ ಪ್ಲೈವುಡ್ಡನ್ನು ಒಂದು ಅಡಿಗೆ ಒಂದು ಅಡಿ ಚೌಕ ಕತ್ತರಿಸಿ, ಪ್ರತಿ ಸ್ಲೀಪರಿನ (ಎರಡು ಹಳಿ ಕೂಡಿಸುವ ಅಡ್ಡಪಟ್ಟಿಯ) ಎರಡೂ ತುದಿಗೆ ಒಂದೊಂದು ಹಾಕಿರಿ. ಹಾಕುವ ಮೊದಲು ಮೇಲಿನ ಸಡಿಲ ಮಣ್ಣನ್ನು ಸಲಿಕೆಯಿಂದ ಎರಡು ಇಂಚು ಕೆರೆದು ತೆಗೆಯಿರಿ. ಹೆಂಟೆಯ ಮೇಲೆ ಪ್ಲೈ ಇಟ್ಟರೆ ಅದೂ ತೊಟ್ಟಿಲಿನಂತೆ ತೂಗುತ್ತದೆ. 40 ಅಡಿ ಅಂದರೆ 8 ಅಡಿಯ 5 ತುಂಡು. ತುಂಡಿಗೆ ನಾಲ್ಕು ಸ್ಲೀಪರ್ ಹಿಡಿದರೆ 20 ಸ್ಲೀಪರ್, ಎರಡೂ ತುದಿ ಸೇರಿ 40 ಜಾಗ. ಜಾಗಕ್ಕೆ ಎರಡರಂತೆ 80 ಬೆಣೆ. 100 ತನ್ನಿರಿ, ಒಡೆಯೋವು ಒಡೆದೇ ಒಡೆಯುತ್ತವೆ.

ಎರಡು ಯಾಕೆ ಅಂದರೆ, ಒಂದೇ ಬೆಣೆ ತುರುಕಿದಾಗ ಹಳಿ ಅದರ ಇಳಿಜಾರಿನ ಒಂದು ಗೆರೆಯ ಮೇಲೆ ಮಾತ್ರ ಕೂರುತ್ತದೆ, ಪ್ರತಿ ಟೇಕಿಗೂ ಬೆಣೆ ಸ್ವಲ್ಪ ಸ್ವಲ್ಪ ಹಿಂದೆ ಜಾರುತ್ತದೆ. ಎದುರುಬದುರು ಎರಡು ಬಡಿದರೆ ಮೇಲ್ಮೈ ಸಮತಟ್ಟಾಗಿ ಉಳಿಯುತ್ತದೆ.

ಲೆವೆಲ್ ನೋಡುವುದು ಹೀಗೆ. ಮೊದಲು ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಹುಡುಕಿರಿ. ಗೌಂಡಿಗಳ ಹತ್ತಿರ ಇರುವ ನೀರು ತುಂಬಿದ ಲೆವೆಲ್ ಪೈಪ್ 40 ಅಡಿಗೆ ಬೇರೆ ಯಾವ ಸಾಧನಕ್ಕಿಂತ ನಂಬಿಕಸ್ತ, ಒಳಗೆ ಗಾಳಿಗುಳ್ಳೆ ಇರದಂತೆ ನೋಡಿಕೊಂಡರೆ ಸಾಕು. ತುಂಡುಗಳನ್ನು ಪೂರ್ತಿ ಜೋಡಿಸಿ ಲಾಕ್ ಮಾಡಿದ ಮೇಲೆಯೇ ಬೆಣೆಗೆ ಕೈ ಹಾಕಿರಿ. ಮೊದಲೇ ಬೆಣೆ ಹಾಕಿ ಆಮೇಲೆ ಜೋಡಿಸಲು ಹೋದರೆ ಜೋಡಣೆ ಬಾಯಿ ಬಿಡುತ್ತದೆ. ಎತ್ತರದ ಜಾಗದಿಂದ ಶುರು ಮಾಡಿ, ಒಂದು ಹಳಿಯನ್ನು ಉದ್ದಕ್ಕೂ ಲೆವೆಲ್ ಮಾಡಿರಿ. ಆ ಹಳಿ ಮುಗಿದ ನಂತರ ಅಡ್ಡ ಲೆವೆಲ್ ಇಟ್ಟು ಎರಡನೆಯದನ್ನು ಅದಕ್ಕೆ ಸರಿದೂಗಿಸಿರಿ. ಎರಡನ್ನೂ ಒಟ್ಟಿಗೆ ತಿದ್ದಲು ಹೊರಟವರು ಮಧ್ಯಾಹ್ನದ ಊಟದವರೆಗೂ ಅಲ್ಲೇ ಕೂತಿರುತ್ತಾರೆ. ಉದ್ದಕ್ಕೆ ಸ್ವಲ್ಪ ಇಳಿಜಾರು ಉಳಿದರೆ ತಳ್ಳುವವನಿಗೆ ಕಷ್ಟ, ಅಷ್ಟೇ. ಅಡ್ಡಕ್ಕೆ ಒಂದು ಕಡೆ ಇಳಿದಿದ್ದರೆ ದಿಗಂತ ವಾಲುವುದು ಪರದೆ ಮೇಲೆ ಕಾಣುತ್ತದೆ.

ಎಲ್ಲ ಆದ ಮೇಲೆ ಪೂರ್ತಿ ಭಾರ ಕೂರಿಸಿ ನಾಲ್ಕು ಸಲ ಆ ತುದಿಯಿಂದ ಈ ತುದಿಗೆ ಓಡಿಸಿರಿ. ಮಣ್ಣು ಕೂರಬೇಕಾದದ್ದು ಅಲ್ಲೇ ಕೂತುಬಿಡಲಿ. ಆಮೇಲೆ ಪ್ರತಿ ಬೆಣೆಯನ್ನೂ ಕೈಯಿಂದ ಅಲುಗಿಸಿ ನೋಡಿ, ಸಡಿಲಾದದ್ದಕ್ಕೆ ಒಂದು ಏಟು ಕೊಡಿರಿ. ಟೆಸ್ಟಿನಲ್ಲಿ ಇದೊಂದು ಬಿಟ್ಟಿದ್ದೀರಿ ಅಂತ ಕಾಣುತ್ತದೆ. ಎರಡೂ ತುದಿಗೆ ಅಡ್ಡ ತಡೆ ಮರೆಯಬೇಡಿರಿ.

ಮರುಪ್ರಶ್ನೆ (ಜಮಖಂಡಿ): ಪ್ಲೈ ಬದಲಿ ರವದಿ (ಕಬ್ಬಿನ ಒಣ ಎಲಿ) ದಪ್ಪಗ ಹಾಸಿದ್ರ ನಡೀತೈತೇನ್ರಿ? ಹೊಲದಾಗ ರಾಶಿಗಟ್ಟಲೆ ಬಿದ್ದೈತಿ. ಫರಸಿ ಕಲ್ಲೂ ಅದಾವು.

ಕೀ ಗ್ರಿಪ್: ರವದಿ ಸ್ಪ್ರಿಂಗ್ ಇದ್ದಂತೆ, ತುಳಿದಷ್ಟೂ ಮೇಲೇಳುತ್ತದೆ. ಬೇಡ. ಫರಸಿ ನಡೆಯುತ್ತದೆ, ಆದರೆ ಅದರ ಅಡಿ ಪೂರ್ತಿ ಮಣ್ಣಿಗೆ ಅಂಟಿರಬೇಕು. ಕೆಳಗೆ ಟೊಳ್ಳಿದ್ದರೆ ಹೇಳದೆ ಕೇಳದೆ ಎರಡಾಗುತ್ತದೆ. ಕಲ್ಲಿನ ಮೇಲೆ ಬೆಣೆ ಜಾರುವುದರಿಂದ ನಡುವೆ ಒಂದು ಪದರ ಗೋಣಿತಟ್ಟು ಹಾಕಿರಿ.

ಗ್ಯಾಫರ್: ರವದಿ ಇದ್ದಲ್ಲಿ ಇನ್ನೊಂದ ಮಾತ್ರಿ. ಲೈಟಿನ ಬುಡದಾಗ ಹತ್ತು ಅಡಿ ಸುತ್ತ ರವದಿ ಸರಿಸಿ ಹಸನ ಮಾಡ್ರಿ. ಬೀಡಿ ಸೇದೋರನ್ನ ಹೊಲದಿಂದ ಹೊರಗ ಕಳಸ್ರಿ.

ಪ್ರಶ್ನೆ (ಮುಧೋಳ): ಡಾಲಿ ಗಾಲಿ ಕಿರ್ ಅಂತಾವ. ಎಣ್ಣಿ ಹಾಕೂಣೇನು?

ಕೀ ಗ್ರಿಪ್: ಹಳಿಗೆ ಎಣ್ಣೆ ಬೇಡ. ಧೂಳು ಹಿಡಿದು ಸಾಣೆ ಕಾಗದದಂತಾಗುತ್ತದೆ, ಗಾಲಿಯ ಮೆದು ಪದರವೂ ಹಾಳು. ಒಣ ಬಟ್ಟೆಯಿಂದ ಹಳಿ, ಗಾಲಿ ಎರಡನ್ನೂ ಒರೆಸಿ. ಆಮೇಲೂ ಸದ್ದು ಬಂದರೆ ಹಳಿಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಇಲ್ಲವೇ ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹೊಡೆದು ಸವರಿರಿ. ಟಕ್ ಟಕ್ ಅಂದರೆ ಅದು ಜೋಡಣೆ. ಉಗುರು ಸವರಿ ನೋಡಿರಿ, ಉಗುರು ಸಿಕ್ಕಿಕೊಂಡಲ್ಲಿ ಕ್ಯಾಮೆರಾವೂ ಎಗರುತ್ತದೆ.

ಪ್ರಶ್ನೆ (ವಿಜಯಪುರ): ಊರ ಹೊರಗ ಬಯಲು, ಗಿಡ ಒಂದೂ ಇಲ್ಲ. ಮಾತಿನ ಸೀನಿಗೆ 8 ಅಡಿಗೆ 8 ಅಡಿ ಫ್ರೇಮಿಗೆ ಸಿಲ್ಕ್ ಹಾಕಿ ಬಿಸಲ ಮೆತ್ತಗ ಮಾಡೋ ವಿಚಾರ. ಗಾಳಿ ಭಾಳ. ಸ್ಟ್ಯಾಂಡಿಗೆ ಎಷ್ಟು ಉಸುಕಿನ ಚೀಲ ಹಾಕಿದ್ರ ಸಾಕ್ರಿ?

ಕೀ ಗ್ರಿಪ್: ಚೀಲದಿಂದ ಆಗುವ ಕೆಲಸವಲ್ಲ. ಲೆಕ್ಕ ಹಾಕಿ ನೋಡಿ.

ಗಾಳಿ ಗಂಟೆಗೆ 36 ಕಿಮೀ ಅಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದಲ್ಲಿ ಎದುರಿಗೆ ಸಿಕ್ಕ ಪ್ರತಿ ಚದರ ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು 61 ನ್ಯೂಟನ್. ನಿಮ್ಮ ಫ್ರೇಮು ಹತ್ತಿರ ಹತ್ತಿರ 6 ಚದರ ಮೀಟರ್. ನೆಟ್ಟಗೆ ನಿಂತ ಫ್ರೇಮಿಗೆ ಗಾಳಿ ಎದುರು ಬಂದರೆ ಕಡಿಮೆ ಅಂದರೂ 37 ಕೆಜಿಯ ತಳ್ಳು. ಫ್ರೇಮಿನ ನಡುಮಧ್ಯ ನೆಲದಿಂದ 3 ಮೀಟರ್ ಮೇಲಿದ್ದರೆ ಉರುಳಿಸುವ ಬಲ 37 ಸಲ 3, ಅಂದರೆ 111. ಸ್ಟ್ಯಾಂಡಿನ ಕಾಲು ನಡುಗಂಬದಿಂದ 60 ಸೆಂಮೀ ಚಾಚಿದೆ ಅಂತ ಹಿಡಿಯಿರಿ. 111 ಭಾಗಿಸು 0.6, ಅಂದರೆ 185. ಸ್ಟ್ಯಾಂಡುಗಳ ಸ್ವಂತ ತೂಕ ಸೇರಿ 185 ಕೆಜಿ ಇದ್ದರೆ ಮಾತ್ರ ಅದು ಉರುಳುವ ಅಂಚಿನಲ್ಲಿ ನಿಲ್ಲುತ್ತದೆ. ಭದ್ರ ಅನ್ನಲು ಇನ್ನೂ ಬೇಕು. ಗಾಳಿ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಜೋರು ಬೀಸು ಬಂದ ಕ್ಷಣ ನಿಮ್ಮ ಚೀಲಗಳ ಲೆಕ್ಕ ಮುಗಿಯಿತು.

ಅದಕ್ಕೆ ಹಗ್ಗ. ಮೇಲಿನ ಎರಡು ಮೂಲೆಯಿಂದ ಮುಂದಕ್ಕೊಂದು ಹಿಂದಕ್ಕೊಂದು, ಒಟ್ಟು ನಾಲ್ಕು. ಹಗ್ಗ ನೆಲಕ್ಕೆ 45 ಡಿಗ್ರಿಯಷ್ಟು ಓರೆ ಇರಲಿ. ತೀರ ನೆಟ್ಟಗಿದ್ದರೆ ಸ್ಟ್ಯಾಂಡನ್ನು ಕೆಳಕ್ಕೆ ಒತ್ತುತ್ತದೆಯೇ ಹೊರತು ಹಿಡಿಯುವುದಿಲ್ಲ. ಗೂಟಕ್ಕೆ ಎರಡೂವರೆ ಅಡಿಯ 20 ಮಿಮೀ ಸರಳು, ಎರಡು ಅಡಿ ಒಳಗೆ ಹೋಗಬೇಕು, ತಲೆ ಫ್ರೇಮಿಗೆ ಬೆನ್ನು ಮಾಡಿ ಹೊರಕ್ಕೆ ವಾಲಿರಬೇಕು. ಮಸಾರಿಯಲ್ಲಿ ಒಂದು ಸಾಕು. ಹಸಿ ಎರಿ ನೆಲದಲ್ಲಿ ಒಂದರ ಹಿಂದೆ ಒಂದು ಎರಡು ಹೊಡೆದು, ಮುಂದಿನ ಗೂಟದ ತಲೆಯನ್ನು ಹಿಂದಿನದರ ಬುಡಕ್ಕೆ ಕಟ್ಟಿರಿ. ಗಂಟು ಲಾರಿಯವರು ಮಾಲಿನ ಮೇಲೆ ಹಗ್ಗ ಬಿಗಿಯುವಾಗ ಹಾಕುವಂಥದ್ದು: ಜಗ್ಗಿ ಬಿಗಿಯಬಹುದು, ಒಂದೇ ಎಳೆತಕ್ಕೆ ಬಿಚ್ಚಬಹುದು.

ಚೀಲ ಬೇಡ ಅಂತಲ್ಲ. ಸ್ಟ್ಯಾಂಡಿನ ಕಾಲು ಜಾರದಂತೆ ಹಿಡಿಯುವುದು ಅವೇ. 10 ಕೆಜಿಯವು ಕೈಗೆ ಅನುಕೂಲ. ಗೊಬ್ಬರದ ಖಾಲಿ ಚೀಲಕ್ಕೆ ಉಸುಕು ತುಂಬಿ, ಎರಡು ಚೀಲದ ಬಾಯಿ ಕೂಡಿಸಿ ಕಟ್ಟಿ, ಕತ್ತೆಯ ಮೇಲೆ ಹೇರಿದ ಹಾಗೆ ಕಾಲಿನ ಮೇಲೆ ಇಳಿಬಿಡಿರಿ. ನೆಲಕ್ಕೆ ತಾಗಿದರೆ ಆ ತೂಕವನ್ನು ನೆಲ ಹೊರುತ್ತದೆ, ಸ್ಟ್ಯಾಂಡಿಗೆ ಪ್ರಯೋಜನವಿಲ್ಲ.

ಪ್ರತಿ ಸ್ಟ್ಯಾಂಡಿಗೆ ಒಬ್ಬ ಮನುಷ್ಯ ನಿಂತೇ ಇರಲಿ, ಕೈಯಲ್ಲಿ ಮೊಬೈಲ್ ಇಲ್ಲದವನು. ಊಟದ ಹೊತ್ತಿಗೆ ಫ್ರೇಮ್ ನೆಲಕ್ಕೆ ಇಳಿಯಲಿ.

ಗ್ಯಾಫರ್: ನನ್ನ ಕೇಳಿದ್ರ ಅಂಥಾ ಗಾಳಿಗೆ ಸಿಲ್ಕ್ ಬ್ಯಾಡೇ ಬ್ಯಾಡ. ಅದು ಹಡಗಿನ ಹಾಯಿ. ಜಾಳ ಬಟ್ಟಿ, ಅಂದ್ರ ನೆಟ್ ಹಾಕ್ರಿ, ಗಾಳಿ ಒಂದಿಷ್ಟು ದಾಟಿ ಹೋಗತೈತಿ. ಬೆಳಕು ಸಿಲ್ಕಿನಷ್ಟು ಮೆತ್ತಗ ಆಗಂಗಿಲ್ಲ ಖರೆ. ಇಲ್ಲಾ 6 ಅಡಿ ಫ್ರೇಮಿಗೆ ಇಳೀರಿ. ಕ್ಷೇತ್ರಫಲ ಸುಮಾರು ಅರ್ಧಕ್ಕ ಬರತೈತಿ, ಹತ್ತರ ತಂದು ಕ್ಲೋಸಪ್ಪಿಗೆ ಅಷ್ಟs ಬಳಸ್ರಿ. ವೈಡ್ ಶಾಟ್ ಮುಂಜಾನೆ ಎಂಟರೊಳಗ ಮುಗಿಸಿದ್ರ ಫ್ರೇಮಿನ ಹಂಗೇ ಇಲ್ಲ.

ಕೀ ಗ್ರಿಪ್: ಒಪ್ಪಿದೆ. ಹಗ್ಗಕ್ಕೆ ಗೂಟ ಹೊಡೆಯಲು ಆಗದ ಜಾಗದಲ್ಲಿ ಅದೊಂದೇ ದಾರಿ.

ಪ್ರಶ್ನೆ (ಇಳಕಲ್ಲ): ಸಿ-ಸ್ಟ್ಯಾಂಡಿನ (ಬೆಳಕು ತಡೆಯೋ ಬಟ್ಟಿ, ಬೋರ್ಡು ಹಿಡಿಯೋ ಮೂರು ಕಾಲಿನ ಸ್ಟ್ಯಾಂಡಿನ) ತೋಳು ಎಷ್ಟ ಬಿಗಿ ಮಾಡಿದ್ರೂ ಮೆಲ್ಲಕ ಇಳೀತೈತ್ರಿ.

ಕೀ ಗ್ರಿಪ್: ಉಲ್ಟಾ ಹಾಕಿದ್ದೀರಿ. ಸ್ಟ್ಯಾಂಡಿನ ಹಿಂದೆ ನಿಂತು ಭಾರದ ಕಡೆ ಮುಖ ಮಾಡಿದಾಗ ತೋಳು ಹಿಡಿಯುವ ಗ್ರಿಪ್ ಹೆಡ್ಡಿನ ತಿರುಪು ನಿಮ್ಮ ಬಲಗೈಗೆ ಸಿಗಬೇಕು. ಆಗ ಭಾರ ಜಗ್ಗಿದಷ್ಟೂ ಅದು ಬಿಗಿಯುವ ದಿಕ್ಕಿಗೇ ತಿರುಗುತ್ತದೆ. ಎಡಕ್ಕಿದ್ದರೆ ಭಾರವೇ ಸಡಿಲಿಸುತ್ತದೆ. ಎಲ್ಲಕ್ಕಿಂತ ಎತ್ತರದ ಕಾಲು ಭಾರದ ಕೆಳಗೆ ಬರಲಿ, ಚೀಲ ಆ ಕಾಲಿನ ಮೇಲೆ. ಸರಿಯಾಗಿ ಹಾಕಿಯೂ ಇಳಿದರೆ ಹೆಡ್ಡಿನ ಒಳಗಿನ ಘರ್ಷಣೆ ಬಿಲ್ಲೆಗೆ ಎಣ್ಣೆ ತಾಗಿದೆ ಅಥವಾ ಅದು ಸವೆದಿದೆ. ಬಿಚ್ಚಿ ಒರೆಸಿ, ಸವೆದಿದ್ದರೆ ಬದಲಿಸಿರಿ.

ಪ್ರಶ್ನೆ (ಬೆಳಗಾವಿ): ಉದ್ಯಮಬಾಗದಾಗ ಲೇಥ್ ಇಟ್ಟವರು ಗುರ್ತಿನವರ ಅದಾರ. ಬೇಬಿ ಪಿನ್ (ಲೈಟು ಕೂಡ್ರಿಸೋ ಸಣ್ಣ ಗೂಟ), ಕ್ಲ್ಯಾಂಪ್ ಎಲ್ಲಾ ಅಲ್ಲೇ ಮಾಡಿಸಿದ್ರ ಹೆಂಗ?

ಕೀ ಗ್ರಿಪ್: ಪಿನ್ ಮಾಡಿಸಿರಿ, ಕ್ಲ್ಯಾಂಪ್ ಬೇಡ.

ಬೇಬಿ ಪಿನ್ 5/8 ಇಂಚು, ಅಂದರೆ 15.875 ಮಿಮೀ. ಪೂರಾ 16 ಮಿಮೀ ಬಿಟ್ಟರೆ ಬಿಗಿ ಸಾಕೆಟ್ಟುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, 15.8 ಕೇಳಿರಿ. ನಡುವೆ ಒಂದು ಹಳ್ಳ ತೆಗೆಸುವುದು ಕಡ್ಡಾಯ. ತಿರುಪು ಸಡಿಲಾದರೂ ಲೈಟು ಜಾರಿ ಬೀಳದಂತೆ ತಡೆಯುವುದು ಅದೇ. ಭಾರದ ಲೈಟಿನ ದೊಡ್ಡ ಪಿನ್, ಅಂದರೆ ಜೂನಿಯರ್ ಪಿನ್, ಇಂಚಿನ ಮೇಲೆ ಒಂದೆಂಟಾಂಶ, 28 ಮಿಮೀ ಅಂತ ಮಾರುವುದು ಅದನ್ನೇ.

ಎಡವುವುದು ಥ್ರೆಡ್ಡಿನಲ್ಲಿ. ಕ್ಯಾಮೆರಾ ಕಡೆಯ ತಿರುಪು ಎರಡೇ: 1/4 ಇಂಚು ದಪ್ಪದ್ದಕ್ಕೆ ಇಂಚಿಗೆ 20 ಸುತ್ತು, 3/8 ಇಂಚು ದಪ್ಪದ್ದಕ್ಕೆ ಇಂಚಿಗೆ 16 ಸುತ್ತು. ಲೇಥಿನವರು ರೂಢಿಯಂತೆ ಎಂ6 (6 ಮಿಮೀ ಮೆಟ್ರಿಕ್ ಥ್ರೆಡ್) ಹಾಕಿಬಿಟ್ಟರೆ ಅದು 1/4 ತೂತಿನಲ್ಲಿ ಎರಡು ಸುತ್ತು ಹೋಗಿ ಕೂತಂತೆ ಅನಿಸುತ್ತದೆ, ಭಾರ ಬಿದ್ದಾಗ ಕ್ಯಾಮೆರಾದ ತಳದ ಥ್ರೆಡ್ ಕಿತ್ತು ಬರುತ್ತದೆ. ಹಳೆಯ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಟ್ಯಾಪ್ ಇದ್ದರೆ ಈ ಎರಡು ಅಳತೆಗೆ ಸುತ್ತಿನ ಲೆಕ್ಕ ಒಂದೇ, ಹಲ್ಲಿನ ಕೋನ ಮಾತ್ರ 60ರ ಬದಲು 55 ಡಿಗ್ರಿ. ಸಾಮಾನ್ಯವಾಗಿ ಕೂರುತ್ತದೆ, ಆದರೂ ಹೊಸದಾಗಿ ಮಾಡಿಸುವಾಗ ಯುಎನ್‌ಸಿ (60 ಡಿಗ್ರಿಯ ಅಮೆರಿಕನ್ ಥ್ರೆಡ್) ಅಂತಲೇ ಬರೆದುಕೊಡಿರಿ.

ಕ್ಲ್ಯಾಂಪ್ ಯಾಕೆ ಬೇಡ ಅಂದರೆ, ಫೌಂಡ್ರಿಯ ಮಾಮೂಲಿ ಎರಕದ ಕಬ್ಬಿಣ ಒತ್ತಡ ತಡೆಯುತ್ತದೆ, ಜಗ್ಗುವಿಕೆ ತಡೆಯುವುದಿಲ್ಲ. ಬಗ್ಗಿ ಮುನ್ಸೂಚನೆ ಕೊಡುವ ಗುಣವೂ ಇಲ್ಲ, ಪಟ್ಟನೆ ಮುರಿಯುತ್ತದೆ. ತಲೆಯ ಮೇಲೆ ತೂಗುವ ಯಾವುದಕ್ಕೂ ಭಾರದ ಮಿತಿ ಬರೆದಿರುವ ಸಾಮಾನನ್ನೇ ಕೊಳ್ಳಿರಿ.

ಪ್ರಶ್ನೆ (ಬಾದಾಮಿ): ಪಟ್ಟದಕಲ್ಲು, ಗೋಳಗುಮ್ಮಟದಾಗ ಡಾಲಿ ತಗೊಂಡು ಹೋಗಬಹುದ್ರಿ?

ಕೀ ಗ್ರಿಪ್: ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕ, ಚಿತ್ರೀಕರಣಕ್ಕೆ ಅವರ ಲೈಸೆನ್ಸ್ ಮೊದಲೇ ಬೇಕು. ಟ್ರೈಪಾಡಿಗೂ ಅನುಮತಿ ಕೇಳುತ್ತಾರೆ, ಸಾಮಾನಿನ ಪಟ್ಟಿಯನ್ನು ಅರ್ಜಿಯಲ್ಲೇ ಬರೆಯಿರಿ. ಸಿಕ್ಕ ಮೇಲೂ ಗೂಟ, ಮೊಳೆ, ಕಲ್ಲಿಗೆ ಟೇಪ್, ಸಂದಿಗೆ ಬೆಣೆ ಯಾವುದೂ ಇಲ್ಲ. ಟ್ರೈಪಾಡಿನ ಮೊನೆಗೆ ರಬ್ಬರ್ ಪಾದ, ಅಡಿಯಲ್ಲಿ ದಪ್ಪ ಜಮಖಾನೆ. ನಾನಾದರೆ ಡಾಲಿ ಬಿಟ್ಟು ಮೂರು ಅಡಿ ಸ್ಲೈಡರ್ (ಕ್ಯಾಮೆರಾ ಜಾರಿಸುವ ಸಣ್ಣ ಹಳಿ) ಒಯ್ಯುತ್ತೇನೆ, ಎರಡೂ ತುದಿಗೆ ಆಧಾರ ಕೊಟ್ಟು. ನಡುವೆ ಒಂದೇ ಟ್ರೈಪಾಡ್ ಇಟ್ಟರೆ ಕ್ಯಾಮೆರಾ ತುದಿಗೆ ಹೋದಾಗ ತಲೆ ಬಾಗುತ್ತದೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ತಿರುಪು ಬಿಗಿಯುವ ಸದ್ದೂ ಸುತ್ತಿ ಸುತ್ತಿ ಬರುತ್ತದೆ. ಅಲ್ಲಿ ಧ್ವನಿ ಬೇರೆಯಾಗಿ ದಾಖಲಿಸುವ ಯೋಜನೆ ಇಟ್ಟುಕೊಳ್ಳಿರಿ.

ಪ್ರಶ್ನೆ (ಅಥಣಿ): ಕಬ್ಬಿನ ಟ್ರ್ಯಾಕ್ಟರ್ ಹೊಡಿಯೋ ಹೀರೋನ ಮುಖ ಬಾನೆಟ್ ಮ್ಯಾಲಿಂದ ಬೇಕು. ಕ್ಯಾಮೆರಾ, ಲೆನ್ಸ್ ಸೇರಿ 4 ಕೆಜಿ. ಸಕ್ಷನ್ ಕಪ್ ಹಿಡೀತಾವೇನ್ರಿ?

ಕೀ ಗ್ರಿಪ್: ಸಕ್ಷನ್ ಕಪ್ಪಿಗೆ ನುಣುಪಾದ, ದೊಡ್ಡ, ಬಹುಮಟ್ಟಿಗೆ ಸಪಾಟಾದ ತಗಡು ಬೇಕು. ಟ್ರ್ಯಾಕ್ಟರ್ ಬಾನೆಟ್ ತೆಳ್ಳಗೆ, ಮೇಲೆ ಧೂಳು, ಕೆಳಗೆ ಇಂಜಿನ್ ಕಾವು. ಕಾರಿನ ಮೇಲಾದರೆ ಕಪ್ಪಿನ ಪಂಪಿನ ಕೆಂಪು ಗೆರೆ (ಹಿಡಿತ ಸಡಿಲಾದರೆ ಕಾಣುವಂಥದ್ದು) ನೋಡಿಕೊಂಡು ನಂಬಬಹುದು, ಇಲ್ಲಿ ನಂಬಬೇಡಿರಿ.

ಮುಂದಿನ ಬಂಪರ್ ಚೌಕಟ್ಟಿಗೆ ಎರಡು ಸೂಪರ್ ಕ್ಲ್ಯಾಂಪ್ ಹಾಕಿ ಪೈಪ್ ಎಬ್ಬಿಸಿರಿ. 13ರಿಂದ 55 ಮಿಮೀ ದಪ್ಪದ್ದನ್ನು ಅದು ಕಚ್ಚುತ್ತದೆ. ಮೂರನೇ ಆಧಾರ ಓರೆಯಾಗಿ ಬರಲೇಬೇಕು. ಎರಡು ಬಿಂದುವಿನ ರಿಗ್ ಒಂದು ದಿಕ್ಕಿಗೆ ಗಡಿಯಾರದ ಲೋಲಕದಂತೆ ಆಡುತ್ತದೆ. ಕ್ಯಾಮೆರಾಗೆ ಪ್ರತ್ಯೇಕ ಸೇಫ್ಟಿ ತಂತಿ, ಅದರ ಇನ್ನೊಂದು ತುದಿ ರಿಗ್ಗಿಗಲ್ಲ, ಟ್ರ್ಯಾಕ್ಟರಿನ ಚಾಸಿಗೆ.

ಟ್ರ್ಯಾಕ್ಟರ್ ನಿಂತಿದ್ದರೂ ಇಂಜಿನ್ ಐಡಲ್‌ನಲ್ಲಿ ಓಡುತ್ತಿದ್ದರೆ ನಡುಕ ಇದ್ದೇ ಇರುತ್ತದೆ. ನಿಂತ ಶಾಟ್ ಇದ್ದರೆ ಇಂಜಿನ್ ಆರಿಸಿ ತೆಗೆಯಿರಿ. ಓಡುವಾಗ 24 ಅಥವಾ 28 ಮಿಮೀ ಲೆನ್ಸ್ ಹಾಕಿರಿ, 85 ಹಾಕಿದರೆ ಚಿತ್ರ ಜೆಲ್ಲಿಯಂತೆ ಕುಣಿಯುತ್ತದೆ. ಕ್ಲ್ಯಾಂಪಿನ ಕೆಳಗೆ ಸೈಕಲ್ ಟ್ಯೂಬ್ ತುಂಡು ಹಾಕುವುದು ಹಿಡಿತಕ್ಕೆ ಒಳ್ಳೆಯದು, ನಡುಕವನ್ನು ಅದು ನುಂಗುವುದಿಲ್ಲ. ನೂರು ಮೀಟರ್ ಓಡಿಸಿ, ನಿಲ್ಲಿಸಿ, ಪ್ರತಿ ತಿರುಪನ್ನೂ ಮತ್ತೆ ಬಿಗಿಯಿರಿ.

ಮರುಪ್ರಶ್ನೆ (ಅಥಣಿ): ಫೋಕಸ್ ಹಿಡಿಯೋ ಹುಡುಗನ್ನ ಮಡ್‌ಗಾರ್ಡ್ ಮ್ಯಾಲೆ ಕುಂದರಿಸಲೇನು?

ಕೀ ಗ್ರಿಪ್: ಬೇಡ. ವೈರ್‌ಲೆಸ್ ಫೋಕಸ್ ಇಲ್ಲದಿದ್ದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/8ಕ್ಕೆ ಇಳಿಸಿ, ಹೀರೋ ಕೂರುವ ದೂರ ಟೇಪಿನಿಂದ ಅಳೆದು, ಫೋಕಸ್ ರಿಂಗನ್ನು ಆ ದೂರಕ್ಕೆ ಇಟ್ಟು ಅದಕ್ಕೆ ಟೇಪ್ ಸುತ್ತಿ ಬಿಡಿರಿ.