ಅರವತ್ತರ ದಶಕದ ತೇಗದ ಸೈಡ್‌ಬೋರ್ಡ್, ಹಳೇ ಪಿಂಗಾಣಿ ತಟ್ಟೆ: ನಮ್ಮ ಮನೆಗೆ, ನಮ್ಮ ಅಡುಗೆಗೆ ತಡೆಯುತ್ತಾ?

ನಾಟಿಂಗ್‌ಹ್ಯಾಮ್‌ನಿಂದ, ಪ್ರಶ್ನೆ

ಮನೆ ಕೊಂಡು ಎರಡು ತಿಂಗಳಾಯಿತು. ಕೈಯಲ್ಲಿದ್ದ ದುಡ್ಡೆಲ್ಲ ಅದಕ್ಕೇ ಹೋಯಿತು. ಈಗ ಚಾಪೆ ಹಾಸಿಕೊಂಡು ಊಟ ಮಾಡುತ್ತಿದ್ದೇವೆ. ಹತ್ತಿರದ ಚಾರಿಟಿ ಅಂಗಡಿಯಲ್ಲಿ (ದಾನ ಬಂದ ಹಳೇ ಸಾಮಾನು ಮಾರುವ ಕಡೆ) ಒಂದು ತೇಗದ ಸೈಡ್‌ಬೋರ್ಡ್, ಅಂದರೆ ಗೋಡೆಗೆ ಒರಗಿಸಿಡುವ ಗಿಡ್ಡ ಕಪಾಟು, ಕಣ್ಣಿಗೆ ಬಿತ್ತು. ಏಳು ಅಡಿ ಉದ್ದ, ಗಿಡ್ಡ ಕಾಲು, ಮರದಲ್ಲೇ ಕೊರೆದ ಹಿಡಿ. ಜಿ-ಪ್ಲಾನ್ ಎಂಬ ಬ್ರ್ಯಾಂಡಂತೆ, 180 ಪೌಂಡ್. ಪಕ್ಕದಲ್ಲೇ ಎರ್ಕಾಲ್ ಕಂಪನಿಯ ಒಂದು ಆರಾಮಕುರ್ಚಿ ಇತ್ತು, ದಿಂಬಿಲ್ಲ. ಇನ್ನು ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುತ್ತಿದ್ದಾರೆ. ಮಿಡ್‌ವಿಂಟರ್ ಕಂಪನಿಯ ಒಂದು ಸೆಟ್ ತಟ್ಟೆ, ಕಪ್ಪು ತೆಗೆದುಕೊಂಡು ಹೋಗು ಎನ್ನುತ್ತಿದ್ದಾರೆ. ಬಿಳಿ ಮೇಲೆ ಝೀಬ್ರಾ ತರಹ ಕರಿ ಪಟ್ಟೆ, ಅಲ್ಲಲ್ಲಿ ಕೆಂಪು. ನನಗೆ ತುಂಬಾ ಇಷ್ಟವಾಗಿದೆ. ನಮ್ಮವರು ಮಾತ್ರ "ಯಾರೋ ಬಳಸಿ ಬಿಟ್ಟಿದ್ದು" ಎಂದು ಮೂಗು ಮುರಿಯುತ್ತಾರೆ. ಅರಿಶಿನ, ಎಣ್ಣೆ, ಬಿಸಿ ಕುಕ್ಕರ್ ಇರುವ ಮನೆಗೆ ಇವೆಲ್ಲ ಸರಿಹೋಗುತ್ತವಾ? ಆ ತಟ್ಟೆಯಲ್ಲಿ ಹುಳಿ ಬಡಿಸಿಕೊಂಡು ತಿನ್ನಬಹುದಾ?

ಲೆಸ್ಟರ್‌ನಿಂದ

ಸೈಡ್‌ಬೋರ್ಡ್ ಬಿಡಬೇಡಿ. ಆದರೆ ಮುಂದಿನ ಚಂದ ನೋಡಿ ದುಡ್ಡು ಕೊಡಬೇಡಿ, ಹಿಂದೆ ಕೆಳಗೆ ನೋಡಿ ಕೊಡಿ. ನಾನು ಇಂಥ ಮೂರು ಸಾಮಾನು ಕೊಂಡಿದ್ದೇನೆ. ಎರಡು ಚೆನ್ನಾಗಿವೆ, ಒಂದನ್ನು ನಾನೇ ಕೈಯಾರೆ ಕೆಡಿಸಿದೆ. ಕೆಡಿಸಿದ ಕಥೆಯೇ ನಿಮಗೆ ಜಾಸ್ತಿ ಉಪಯೋಗ.

ನಮ್ಮೂರ ಮನೆಯಲ್ಲಿ ತೇಗ ಎಂದರೆ ಪೂರ್ತಿ ತೇಗ. ಅಜ್ಜನ ಮೇಜನ್ನು ಬಡಗಿ ಮರಳು ಕಾಗದ ಹಾಕಿ ಉಜ್ಜಿ ಪಾಲಿಶ್ ಹೊಡೆದರೆ ಹೊಸದರ ಹಾಗೆ ಹೊಳೆಯುತ್ತಿತ್ತು. ಅದೇ ಧೈರ್ಯದಲ್ಲಿ ಒಂದು ಭಾನುವಾರ ಕರೆಂಟಿನ ಸ್ಯಾಂಡರ್ ಹಿಡಿದು ಕೂತೆ. ಐದು ನಿಮಿಷ ಆಗಿರಲಿಲ್ಲ, ಮೂಲೆಯಲ್ಲಿ ತೇಗವೇ ಮಾಯ. ಒಳಗಿನಿಂದ ರವೆ ಉಂಡೆ ಒಡೆದ ಹಾಗೆ ಚಿಪ್‌ಬೋರ್ಡ್ ಇಣುಕಿತು. ಇಲ್ಲಿನ ಅರವತ್ತರ ದಶಕದ ಸೈಡ್‌ಬೋರ್ಡ್‌ಗಳಲ್ಲಿ ಕಾಲು, ಹಿಡಿ, ಅಂಚಿನ ಪಟ್ಟಿ ಗಟ್ಟಿ ಮರ. ಮೇಲಿನ ಹಲಗೆ, ಬಾಗಿಲು, ಪಕ್ಕ ಎಲ್ಲ ಸಾಮಾನ್ಯವಾಗಿ ವೆನೀರ್, ಅಂದರೆ ಬೇರೆ ಹಲಗೆಯ ಮೇಲೆ ಅಂಟಿಸಿದ ತೆಳು ಮರದ ಹಾಳೆ. ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಇದು ಮೋಸ ಅಲ್ಲ. ಹೊರದೇಶದಿಂದ ಬಂದ ದುಬಾರಿ ಮರವನ್ನು ಹಾಳೆಯಂತೆ ಸೀಳಿ ಅಂಟಿಸಿದ್ದರಿಂದಲೇ ಸಾಮಾನ್ಯ ಸಂಬಳದವರ ಮನೆಗೂ ಅದು ಬಂತು. ಆದ್ದರಿಂದ ಸ್ಯಾಂಡರ್ ಮುಟ್ಟಲೇಬೇಡಿ.

ನೀವು ಹೇಳುವ ಅಳತೆ, ಕೊರೆದ ಹಿಡಿ ನೋಡಿದರೆ ಅದು ಫ್ರೆಸ್ಕೊ ಮಾದರಿ ಇರಬಹುದು. ವಿಕ್ಟರ್ ವಿಲ್ಕಿನ್ಸ್ ಎಂಬಾತನ ವಿನ್ಯಾಸ, 1966ರದ್ದು. ಜಿ-ಪ್ಲಾನ್ ಎನ್ನುವುದು ಹೈ ವಿಕಂಬ್ ಊರಿನ ಇ. ಗಾಮ್ ಕಾರ್ಖಾನೆ 1953ರಲ್ಲಿ ಶುರು ಮಾಡಿದ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಮರಕ್ಕೂ ರೇಷನ್ ಇತ್ತು. ಸರ್ಕಾರ ಒಪ್ಪಿದ ಕೆಲವೇ ನಮೂನೆಯ ಸಾಮಾನು ಮಾಡಬೇಕಿತ್ತು. ಆ ಕಟ್ಟುಪಾಡು ಹೋಗಿದ್ದು 1952ರಲ್ಲಿ. ಮಾರನೇ ವರ್ಷವೇ ಇವರು ಇಡೀ ಸೆಟ್ ಒಟ್ಟಿಗೆ ತೆಗೆದುಕೊಳ್ಳಬೇಕಿಲ್ಲ, ದುಡ್ಡು ಸೇರಿದ ಹಾಗೆ ಒಂದೊಂದೇ ಕೊಳ್ಳಿ, ಎಲ್ಲ ಒಂದಕ್ಕೊಂದು ಹೊಂದುತ್ತವೆ ಎಂದು ಮಾರಲು ಹೊರಟರು. ಮನೆ ಸಾಲ ಕಟ್ಟುವ ನಿಮಗೂ ಆ ಲೆಕ್ಕವೇ ಅಲ್ವಾ!

ಅಂಗಡಿಗೆ ಹೋದಾಗ ಡ್ರಾಯರನ್ನು ಪೂರ್ತಿ ಹೊರಗೆಳೆದು ತಿರುಗಿಸಿ. ಒಳಗೆ ಮುದ್ರೆಯೋ ಲೇಬಲ್ಲೋ ಇದ್ದರೆ ಅಲ್ಲೇ ಸಿಗುತ್ತದೆ. ಆಮೇಲೆ ಮೂಗು ಹಾಕಿ ನೋಡಿ. ಮುಗ್ಗಲು ವಾಸನೆ, ಸಿಗರೇಟು ವಾಸನೆ ಬಂದರೆ ಅದು ಬೇಗ ಹೋಗುವುದಿಲ್ಲ. ಹಿಂದಿನ ಪ್ಲೈ ಹಲಗೆಗೆ ಟಾರ್ಚ್ ಬಿಡಿ. ಗುಂಡುಸೂಜಿ ತಲೆಯಷ್ಟು ತೂತು ಇದೆಯಾ? ತೂತಿನ ಕೆಳಗೆ ಹೊಸ ಹಿಟ್ಟು ಉದುರಿದೆಯಾ? ಉದುರಿದ್ದರೆ ಹುಳ ಇನ್ನೂ ಒಳಗಿದೆ, ವಾಪಸ್ ಬನ್ನಿ. ಬರೀ ಹಳೇ ತೂತಾದರೆ ಹೆದರಬೇಕಿಲ್ಲ. ವೆನೀರ್ ಮೇಲೆ ಉಗುರಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಅಂಟು ಬಿಟ್ಟಿದೆ ಎಂದರ್ಥ.

ಮನೆಗೆ ತಂದ ಮೇಲೆ ಬೆಚ್ಚನೆಯ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ, ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ. ಒಣಗಲಿ. ಮೂಲೆಯಲ್ಲಿ ಒಂದು ಹನಿ ಎಣ್ಣೆ ಬಿಟ್ಟು ನೋಡಿ, ಹೀರಿಕೊಂಡರೆ ಮರಕ್ಕೆ ಹಚ್ಚುವ ಡೇನಿಶ್ ಆಯಿಲ್ ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಉಳಿದಿದ್ದನ್ನೆಲ್ಲ ಒರೆಸಿ ತೆಗೆಯಿರಿ. ಮೇಲೇ ನಿಂತರೆ ಅದಕ್ಕೆ ಲ್ಯಾಕರ್ (ಗಟ್ಟಿ ಮೆರುಗಿನ ಲೇಪ) ಇದೆ, ಎಣ್ಣೆ ಹಾಕಿ ಪ್ರಯೋಜನವಿಲ್ಲ, ಸ್ವಲ್ಪ ಮೇಣ ಸಾಕು. ಕೊಬ್ಬರಿ ಎಣ್ಣೆ ಹಚ್ಚುವ ಐಡಿಯಾ ಇದ್ದರೆ ಬಿಡಿ, ಅದು ಒಣಗುವುದಿಲ್ಲ, ಧೂಳು ಕೂರುತ್ತದೆ.

ಇದೊಂದನ್ನು ಮಾತ್ರ ಮರೆಯಬೇಡಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕಬೇಡಿ. ಡೇನಿಶ್ ಆಯಿಲ್‌ನಲ್ಲಿ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಇರುತ್ತದೆ. ಅದು ಒಣಗುವಾಗ ಬಿಸಿ ಏಳುತ್ತದೆ. ಮುದ್ದೆಯೊಳಗೆ ಆ ಬಿಸಿ ಸೇರಿ ತಾನೇ ಹೊತ್ತಿಕೊಳ್ಳಬಹುದು, ಬೆಂಕಿಕಡ್ಡಿ ಬೇಕಿಲ್ಲ. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ನೆನೆಸಿ ಎಸೆಯಿರಿ.

ರೆಡಿಂಗ್‌ನಿಂದ

ಕುರ್ಚಿ ಬಗ್ಗೆ ನಾನು ಹೇಳುತ್ತೇನೆ. ಆ ಕಾಲದ ತುಂಬಾ ಆರಾಮಕುರ್ಚಿಗಳಲ್ಲಿ ದಿಂಬಿನ ಕೆಳಗೆ ಸ್ಪ್ರಿಂಗ್ ಇರುವುದಿಲ್ಲ, ಅಡ್ಡಡ್ಡ ಎಳೆದು ಕಟ್ಟಿದ ರಬ್ಬರ್ ಪಟ್ಟಿ ಇರುತ್ತದೆ. ಐವತ್ತು ಅರವತ್ತು ವರ್ಷಕ್ಕೆ ರಬ್ಬರ್ ಒಣಗಿ ಹಪ್ಪಳವಾಗುತ್ತದೆ. ನಮ್ಮದು ಬೇರೆ ಕುರ್ಚಿ, ಕಥೆ ಅದೇ. ಊರಿಂದ ಬಂದ ನಮ್ಮತ್ತೆ ಕಾಫಿ ಲೋಟ ಹಿಡಿದು ಕೂತರು. ಟಪ್, ಟಪ್, ಟಪ್ ಎಂದು ಮೂರು ಪಟ್ಟಿ ಒಂದಾದ ಮೇಲೊಂದು ಹರಿದವು. ಅತ್ತೆ ಚೌಕಟ್ಟಿನೊಳಗೆ ಇಳಿದರು, ಮಂಡಿ ಮೇಲೆ, ಲೋಟ ಮಾತ್ರ ಅಲುಗಲಿಲ್ಲ. ಈಗ ಆ ಕುರ್ಚಿ ಎದುರು ಬಂದರೆ ಅವರು ದೂರವೇ ಹಾಯ್ದು ಹೋಗುತ್ತಾರೆ.

ಪಟ್ಟಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಕಂಡರೆ ಎಲ್ಲ ಬದಲಿಸಬೇಕು. ಹೊಸ ರಬ್ಬರ್ ಪಟ್ಟಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ತುದಿಗೆ ಕಬ್ಬಿಣದ ಕ್ಲಿಪ್ ಹಾಕಿ ವೈಸ್‌ನಲ್ಲಿ ಒತ್ತಿದರೆ ಆಯಿತು. ಮಧ್ಯಾಹ್ನದ ಕೆಲಸ. ಪಟ್ಟಿಯನ್ನು ಚೌಕಟ್ಟಿನ ಅಳತೆಗಿಂತ ಹತ್ತರಲ್ಲಿ ಒಂದು ಪಾಲು ಗಿಡ್ಡ ಕತ್ತರಿಸಿ, ಆಗಲೇ ಬಿಗಿ ಬರುವುದು. ಎರ್ಕಾಲ್ ಚೌಕಟ್ಟು ಬೀಚ್, ಎಲ್ಮ್ ಮರದ್ದು, ಅದರ ಬಗ್ಗೆ ಯೋಚನೆ ಬೇಡ.

ಕುಕ್ಕರ್ ವಿಷಯ. ನೇರ ಇಟ್ಟರೆ ಬಿಳಿ ಉಂಗುರ ಬೀಳುವುದು ಖಂಡಿತ. ಬಿಳಿ ಎಂದರೆ ತೇವ ಪಾಲಿಶ್ ಪದರದಲ್ಲೇ ಸಿಕ್ಕಿಕೊಂಡಿದೆ. ಮೇಲೆ ಹತ್ತಿ ಬಟ್ಟೆ ಹಾಸಿ, ಉಗಿ ಇಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಒಂದೆರಡು ಸೆಕೆಂಡ್ ಮುಟ್ಟಿಸಿ ತೆಗೆಯುತ್ತಾ ಹೋಗಿ, ಹೆಚ್ಚಿನವು ಮಾಯವಾಗುತ್ತವೆ. ಕರಿ ಉಂಗುರ ಬೇರೆ ವಿಷಯ. ನೀರು ಮರಕ್ಕೇ ಇಳಿದಿದೆ, ಅದಕ್ಕೆ ತಿಳಿದವರ ಕೈ ಬೇಕು. ದೇವರ ದೀಪವನ್ನು ಸೈಡ್‌ಬೋರ್ಡ್ ಮೇಲೆ ಇಡುವ ಯೋಚನೆ ಇದ್ದರೆ ಕೆಳಗೆ ಒಂದು ಹಿತ್ತಾಳೆ ತಟ್ಟೆ ಇಡಿ. ನಮ್ಮ ಮನೆಯಲ್ಲಿ ನವರಾತ್ರಿಯ ಒಂಬತ್ತು ದಿನದ ಎಣ್ಣೆ ಗುರುತು ಇನ್ನೂ ಇದೆ.

ಶೆಫೀಲ್ಡ್‌ನಿಂದ

ಅಜ್ಜಿ ಕೊಡುವ ತಟ್ಟೆಗಳನ್ನು ಇವತ್ತೇ ಹೋಗಿ ತನ್ನಿ! ಅದು ಝಾಂಬೆಸಿ. ಸ್ಟೋಕ್-ಆನ್-ಟ್ರೆಂಟ್ ಊರಿನ ಬರ್ಸ್ಲೆಮ್‌ನಲ್ಲಿದ್ದ ಮಿಡ್‌ವಿಂಟರ್ ಕಾರ್ಖಾನೆಗೆ ಜೆಸ್ಸಿ ಟೇಟ್ 1956ರಲ್ಲಿ ಬರೆದುಕೊಟ್ಟ ನಮೂನೆ. ಪಟ್ಟೆಗಳನ್ನು ಹೆಣ್ಣುಮಕ್ಕಳು ಕುಂಚದಲ್ಲಿ ಕೈಯಿಂದಲೇ ಎಳೆಯುತ್ತಿದ್ದರು. ಎರಡು ತಟ್ಟೆ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಗೆರೆ ದಪ್ಪವಾಗಿ ಶುರುವಾಗಿ ಬಾಲದಂತೆ ಸಣ್ಣದಾಗುತ್ತದೆ, ಇನ್ನೊಂದರಲ್ಲಿ ಕೈ ಚೂರು ನಡುಗಿದ್ದು ಕಾಣುತ್ತದೆ.

ಊಟದ ವಿಷಯಕ್ಕೆ ಬರೋಣ. ಇವುಗಳಿಗೆ ಅಗಲವಾದ ಅಂಚಿಲ್ಲ, ಬದಿ ಮೆಲ್ಲಗೆ ಮೇಲೇಳುತ್ತದೆ ಅಷ್ಟೇ. ಅನ್ನ ಕಲಸಲು ತುಂಬಾ ಹಿತ. ತಿಳಿಸಾರು ಮಾತ್ರ ನಿಲ್ಲುವುದಿಲ್ಲ. ಇನ್ನೊಂದು ಲಾಭ ನಮಗೆ ಮಾತ್ರ: ಇಲ್ಲಿಯವರ ಹಳೇ ತಟ್ಟೆಗಳ ಮೇಲೆ ಚಾಕುವಿನ ಬೂದುಗೆರೆಗಳು ತುಂಬಿರುತ್ತವೆ. ಕೈಯಲ್ಲಿ ತಿನ್ನುವವರ ಮನೆಯಲ್ಲಿ ಹೊಸ ಗೆರೆ ಬೀಳುವುದಿಲ್ಲ.

ಆದರೆ ಹುಳಿಗೆ ನಾನು ಬೇಡ ಎನ್ನುತ್ತೇನೆ. ಆ ಕಾಲದ ಮೆರುಗಿನಲ್ಲಿ, ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಹುಣಸೆ, ನಿಂಬೆ, ಟೊಮೆಟೊ ಅದನ್ನು ಎಳೆದುಕೊಳ್ಳುತ್ತವೆ, ಬಿಸಿಯಾದಷ್ಟೂ, ಹೊತ್ತಾದಷ್ಟೂ ಜಾಸ್ತಿ. ಮನೆಯಲ್ಲೇ ಉಜ್ಜಿ ನೋಡುವ ಕಿಟ್ ನಂಬಿ ಕೂರಬೇಡಿ, ಸ್ವಲ್ಪ ಇದ್ದರೆ ಅದು ತೋರಿಸುವುದಿಲ್ಲ. ನಾನು ಇವನ್ನು ಚಕ್ಕುಲಿ, ಹೋಳಿಗೆ, ಬಿಸ್ಕತ್ತಿಗೆ ಮಾತ್ರ ತೆಗೆಯುತ್ತೇನೆ. ಉಪ್ಪಿನಕಾಯಿ ತುಂಬಿಡುವುದಂತೂ ಬೇಡವೇ ಬೇಡ. ಮೈಕ್ರೋವೇವ್, ಡಿಶ್‌ವಾಷರ್ ಎರಡೂ ಬೇಡ.

ತಟ್ಟೆಯನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಉಗುರಿನಿಂದ ತಟ್ಟಿ. ಗಂಟೆಯ ಹಾಗೆ ಸದ್ದು ಬಂದರೆ ಸರಿ. ಮಡಕೆ ಒಡೆದ ಸದ್ದು ಬಂದರೆ ಎಲ್ಲೋ ಬಿರುಕಿದೆ. ಕೆಲವಕ್ಕೆ ಮೆರುಗಿನಲ್ಲಿ ಕೂದಲೆಳೆಯಂಥ ಬಲೆ ಇರುತ್ತದೆ. ಅಂಥದ್ದರಲ್ಲಿ ಅರಿಶಿನ ಒಳಗೆ ಇಳಿದು ಕೂರುತ್ತದೆ, ಗೋಡೆಗೆ ಹಾಕಿ. ಬಲೆ ಇಲ್ಲದ ತಟ್ಟೆಗೆ ಅರಿಶಿನ ಹತ್ತಿದರೆ ತೊಳೆದು ಎರಡು ದಿನ ಕಿಟಕಿಯಲ್ಲಿ ಬಿಸಿಲಿಗಿಡಿ. ಬಿಸಿಲಿಗೆ ಅರಿಶಿನದ ಬಣ್ಣ ತಾನೇ ಹೋಗುತ್ತದೆ, ಇಲ್ಲಿನ ಬಿಸಿಲಿಗೂ.

ದಿನದ ಊಟಕ್ಕೆ ಅದೇ ಕಾಲದ ನೋಟ ಬೇಕೆಂದರೆ ಈಗಲೂ ತಯಾರಾಗುವುದನ್ನು ಕೊಳ್ಳಿ. ಫಿನ್ಲೆಂಡ್‌ನ ಕಾಯ್ ಫ್ರಾಂಕ್ 1953ರಲ್ಲಿ ಕಿಲ್ಟಾ ಎಂಬ ಸಾಲು ತಂದರು. ಅದನ್ನೇ ತಿದ್ದಿ 1981ರಲ್ಲಿ ಟೀಮಾ ಆಯಿತು. ಒಂದು ಹೂವಿಲ್ಲ, ಒಂದು ಗೆರೆಯಿಲ್ಲ. ಬಟ್ಟಲುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಕಳೆದ ನಾಲ್ಕು ವರ್ಷದಿಂದ ಅದರಲ್ಲೇ ನಮ್ಮ ಹುಳಿ, ಗೊಜ್ಜು ಎಲ್ಲ. ಸೆಟ್ಟಾಗಿ ಕೊಂಡರೆ ಕೈ ಸುಡುತ್ತದೆ, ಒಂದೊಂದೇ ಕೊಂಡೆವು.

ಸುಮ್ನೆ ಒಂದು ಮಾತು. ಚಾರಿಟಿ ಅಂಗಡಿಯಲ್ಲಿ ಓಲ್ಡ್ ಹಾಲ್ ಎಂಬ ಮುದ್ರೆಯ ಸ್ಟೀಲ್ ಪಾತ್ರೆ ಕಂಡರೆ ಎತ್ತಿಕೊಳ್ಳಿ. ರಾಬರ್ಟ್ ವೆಲ್ಚ್ 1955ರಿಂದ ಆ ಕಂಪನಿಗೆ ವಿನ್ಯಾಸ ಮಾಡಿಕೊಟ್ಟವರು. ನಾನು ಎಂಟು ಪೌಂಡಿಗೆ ಒಂದು ಟೀಪಾಟ್ ತಂದು ಹೆಮ್ಮೆಯಿಂದ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅಮ್ಮ, "ಸ್ಟೀಲ್ ಪಾತ್ರೆ ತಗೊಳ್ಳೋಕೆ ಇಂಗ್ಲೆಂಡಿಗೆ ಹೋಗ್ಬೇಕಿತ್ತಾ?" ಎಂದರು. ಹುಣಸೆಯಲ್ಲಿ ಉಜ್ಜಬಹುದಾದ ಆ ಕಾಲದ ವಿನ್ಯಾಸ ಇದೊಂದೇ, ಅಮ್ಮನಿಗೆ ಹೇಳಲಿಲ್ಲ.

ಮಿಲ್ಟನ್ ಕೀನ್ಸ್‌ನಿಂದ

ಚಿಕ್ಕದಾಗಿ ಎರಡು ಮಾತು. ಹಳೇ ಸೋಫಾ, ದಿಂಬು ಕೊಳ್ಳುವಾಗ ಬೆಂಕಿ ಸುರಕ್ಷತೆಯ ಲೇಬಲ್ ನೋಡಿ. 1988ರ ನಿಯಮ ಇದೆ, ಅದಕ್ಕೆ ಹೊಂದದ್ದನ್ನು ಅಂಗಡಿಯವರು ಮಾರುವಂತಿಲ್ಲ. 1950ಕ್ಕೆ ಮುಂಚಿನದಕ್ಕೆ ವಿನಾಯಿತಿ ಇದೆ. ನಿಮ್ಮ ಕುರ್ಚಿಗೆ ದಿಂಬು ಇಲ್ಲದಿರುವುದು ಬಹುಶಃ ಅದಕ್ಕೇ. ಒಳ್ಳೆಯದೇ ಆಯಿತು, ಹಳೇ ಫೋಮ್ ಮನೆಯೊಳಗೆ ಬರಲಿಲ್ಲ.

ಇನ್ನೊಂದು, ಯಾರಾದರೂ ಹೊಚ್ಚಹೊಸ "ಈಮ್ಸ್ ಸ್ಟೈಲ್" ಕುರ್ಚಿಯನ್ನು (ಈಮ್ಸ್ ಎಂದರೆ ಅಮೆರಿಕದ ಹೆಸರಾಂತ ವಿನ್ಯಾಸಕಾರ ದಂಪತಿ) ಕಾಲುಭಾಗ ಬೆಲೆಗೆ ತೋರಿಸಿದರೆ ಹುಷಾರು. 2016ರಲ್ಲಿ ಇಲ್ಲಿನ ಕಾನೂನು ಬದಲಾಯಿತು. ಅದುವರೆಗೆ 25 ವರ್ಷ ದಾಟಿದ ವಿನ್ಯಾಸವನ್ನು ನಕಲು ಮಾಡಬಹುದಿತ್ತು. ಈಗ ಕಲಾಕೃತಿ ಎನಿಸಿಕೊಂಡ ವಿನ್ಯಾಸಕ್ಕೆ ವಿನ್ಯಾಸಕಾರರು ತೀರಿಕೊಂಡ ಮೇಲೂ 70 ವರ್ಷ ರಕ್ಷಣೆ ಇದೆ.

ಬೆಂಗಳೂರಿನಿಂದ, ವಾಪಸ್ ಬಂದವರು

ಮುಂದೊಂದು ದಿನ ಸಾಮಾನು ಊರಿಗೆ ಸಾಗಿಸುವ ಯೋಚನೆ ಇದ್ದರೆ ತೇಗಕ್ಕೇ ಅಂಟಿಕೊಳ್ಳಿ. ರೋಸ್‌ವುಡ್ ಎಂದ ಕೂಡಲೇ ನಮ್ಮ ಬೀಟೆ ಎಂದುಕೊಳ್ಳಬೇಡಿ. ಆ ಕಾಲದ ಡೆನ್ಮಾರ್ಕ್ ಸಾಮಾನಿನಲ್ಲಿ ಬ್ರೆಜಿಲ್ ರೋಸ್‌ವುಡ್ ಜಾಸ್ತಿ. ಅದು 1992ರಿಂದ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ನಾವು ಒಂದು ಚೆಂದದ ಕಪಾಟನ್ನು ಅಲ್ಲೇ ಬಿಟ್ಟು ಬಂದೆವು.

ನಾಟಿಂಗ್‌ಹ್ಯಾಮ್‌ನಿಂದ, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಟಾರ್ಚ್ ಹಿಡಿದು ಹೋಗಿದ್ದೆವು. ಹುಳದ ತೂತಿಲ್ಲ, ಡ್ರಾಯರ್ ಒಳಗೆ ಕೆಂಪು ಲೇಬಲ್ ಇದೆ. ಹಿಂದಿನ ಹಲಗೆ ಮೂಲೆಯಲ್ಲಿ ಚೂರು ಬಿಟ್ಟಿದ್ದಕ್ಕೆ 150ಕ್ಕೆ ಇಳಿಸಿದರು. ಮೂಗು ಮುರಿದವರೇ ಈಗ ಡ್ರಾಯರ್ ಎಳೆದು ಎಳೆದು ನೋಡುತ್ತಿದ್ದಾರೆ. ತಟ್ಟೆ ಹನ್ನೊಂದು ಬಂದವು. ಒಂದು ಮಡಕೆ ಸದ್ದು ಮಾಡಿತು, ಗೋಡೆಗೆ ಹೋಯಿತು.

ಸೈಡ್‌ಬೋರ್ಡ್ ಮಾತ್ರ ನಮ್ಮ ಹಾಲಿನ ತಿರುವಿನಲ್ಲಿ ಸಿಕ್ಕಿಕೊಂಡಿದೆ. ಬಾಗಿಲಿನ ಅಗಲ ಅಳೆದಿದ್ದೆವು, ತಿರುವು ಅಳೆದಿರಲಿಲ್ಲ. ಕಾಲು ಬಿಚ್ಚಬಹುದಾ? ಸ್ಕ್ರೂ ಇದೆಯೋ ಅಂಟೋ ಗೊತ್ತಾಗುತ್ತಿಲ್ಲ.

ಲೆಸ್ಟರ್‌ನಿಂದ

ಪಕ್ಕಕ್ಕೆ ಮಲಗಿಸಿ ಕೆಳಗಿನಿಂದ ನೋಡಿ. ಸಾಮಾನ್ಯವಾಗಿ ಕಾಲಿನ ಚೌಕಟ್ಟು ನಾಲ್ಕೈದು ಸ್ಕ್ರೂನಲ್ಲಿ ನಿಂತಿರುತ್ತದೆ. ಡ್ರಾಯರ್, ಬಾಗಿಲು ಮೊದಲೇ ತೆಗೆದಿಡಿ, ತೂಕ ಅರ್ಧವಾಗುತ್ತದೆ. ನೆಲಕ್ಕೆ ಕಂಬಳಿ ಹಾಸಿ. ಎಳೆಯಬೇಡಿ, ಎತ್ತಿ.