ಲ್ವಾರ್ ಹೊಳಿ ದಂಡಿಗುಂಟ ಸೈಕಲ್ ಹೊಡಿಬೇಕಂದೀವಿ, ಗದ್ದಲ ಇಲ್ಲದ ರಸ್ತಾ ಯಾವ್ದು ಹೇಳ್ರಿ

ಬಿಸಿಲೂರ ಸವಾರ (ಕಲಬುರಗಿ)

ಎಲ್ಲಾರಿಗೂ ನಮಸ್ಕಾರ್ರಿ. ಮಗಳು ಫ್ರಾನ್ಸಿನ ತೂರ್ ಅನ್ನೋ ಊರಾಗ ಓದ್ಲಾಕತ್ತಾಳ, ಸೆಪ್ಟೆಂಬರದಾಗ ನಾನು ನಮ್ಮ ಮನಿಯವರು ಇಬ್ಬರೂ ಹೊಂಟೀವಿ, 12 ದಿನ ಇರ್ತೀವಿ. ಆಕಿಗೆ ಹಗಲೆಲ್ಲಾ ಕ್ಲಾಸ್, ಅಪ್ಪಾ ನೀವು ಮನ್ಯಾಗ ಕುಂತು ಏನ್ ಮಾಡ್ತೀರಿ, ಇಲ್ಲಿ ಲ್ವಾರ್ ಅಂತ ಹೊಳಿ ಅದ, ದಂಡಿಗುಂಟ ಸೈಕಲ್ ರೂಟ್ ಮಾಡ್ಯಾರ, ಎಲ್ಲಾ ಸಪಾಟ, ಜೇವರ್ಗಿ ರೋಡಿಗೆ ಲಾರಿ ಹೊಗಿ ಕುಡ್ಯೋದಕ್ಕಿಂತ ಇಲ್ಲಿ ಬಂದು ಹೊಡೀರಿ ಅಂತಾಳ.

ನಾನು ದಿನಾ ನಸುಕಿನ್ಯಾಗ ಫರಹತಾಬಾದ್ ತನಕ ಹೋಗಿ ಬರಾಂವ, ನನ್ನದೇನೂ ಚಿಂತಿಲ್ಲ. ನಮ್ಮ ಮನಿಯವರದು ಪ್ರಶ್ನಿ. ಸಾಲಿ ಕಲಿಯೂವಾಗ ಹೊಡಿತಿದ್ರು, ಆಮ್ಯಾಲ ಬಿಟ್ಟಿದ್ರು, ಲಾಕ್‌ಡೌನ್ ಟೈಮಿಗೆ ಮತ್ತ ಹತ್ಯಾರ. ದಿನಕ್ಕ 30 ಕಿಲೋಮೀಟರ್ ಆರಾಮ ಹೊಡಿತಾರ, ಆದ್ರ ಹಿಂದ ಲಾರಿ ಹಾರ್ನ್ ಕೇಳಿದ್ರ ಸಾಕು ಇಳದು ಸೈಕಲ್ ತಗ್ಗಿನ ಕಡಿ ಹಿಡ್ಕೊಂಡು ನಿಂತು ಬಿಡ್ತಾರ, ಅದು ಹೋಗಿ ಧೂಳ ಕುಂತ ಮ್ಯಾಲೇ ಮತ್ತ ಹತ್ತೋದು. ಹಿಂಗಾಗಿ ಗಾಡಿ ಕಡಿಮಿ ಇರೋ ರಸ್ತಾನೇ ಬೇಕು. ಮ್ಯಾಪಿನ್ಯಾಗ ನೋಡಿದ್ರ ಹೊಳಿ ಎರಡೂ ದಂಡಿಗೆ ರಸ್ತಾ ಅವ, ಯಾವುದು ಗದ್ದಲ ಯಾವುದು ಶಾಂತ ತಿಳಿವಲ್ದು. ಸೈಕಲ್ ಇಲ್ಲಿಂದ ಒಯ್ಯಬೇಕೋ ಅಲ್ಲೇ ಬಾಡಗಿ ತಗೋಬೇಕೋ ಅದೂ ಹೇಳ್ರಿ. ನಾವಿಬ್ಬರೂ ಪಕ್ಕಾ ಸಸ್ಯಾಹಾರಿ, ಮೊಟ್ಟಿನೂ ಇಲ್ಲ.

ಬೀದರ ಪೆಡಲ್

ಸರ, ಎರಡು ವರ್ಷದ ಹಿಂದ ಅಲ್ಲಿ 8 ದಿನ ಹೊಡದೀನಿ, ಅದಕ್ಕ ಜರಾ ಉದ್ದ ಬರಿತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲನೇ ಮಾತು, ಡಿ 952 ಅಂತ ಬೋರ್ಡ್ ಕಂಡ್ರ ಹಿಂದಕ್ಕ ತಿರಗ್ರಿ. ಅದು ಉತ್ತರ ದಂಡಿ ಒಡ್ಡಿನ ಮ್ಯಾಲಿನ ರಸ್ತಾ. ಮ್ಯಾಪಿನ್ಯಾಗ ಹೊಳಿಗೆ ಅಂಟಿಕೊಂಡೇ ಹೋಗ್ತದ, ನೋಡಿದ್ರ ಇದರಕಿಂತ ಛಂದ ರಸ್ತಾ ಇಲ್ಲ ಅನಸ್ತದ, ನಾನೂ ಹಂಗೇ ಮೋಸ ಹೋದೆ. ಲಾಂಜೆ ಅನ್ನೋ ಊರಿನ ಕೋಟಿ ನೋಡ್ಬೇಕಂತ ತೂರ್‌ನಿಂದ ಸೀದಾ ಅದನ್ನೇ ಹಿಡದೆ. ಒಂದು ಕಡಿ ಹೊಳಿ, ಇನ್ನೊಂದು ಕಡಿ ಒಡ್ಡಿನ ಇಳಿಜಾರು, ನಡುವ ಗಾಡಿ ಮ್ಯಾಲ ಗಾಡಿ. ಲಾರಿ ಬಾಜೂಕ ಹೋದಾಗ ಮೊದಲು ಗಾಳಿ ಆಕಡಿ ನೂಕ್ತದ, ಲಾರಿ ದಾಟಿದ ಕೂಡ್ಲೇ ಈಕಡಿ ಎಳೀತದ, ಹ್ಯಾಂಡಲ್ ಗಟ್ಟಿ ಹಿಡದು ಹಿಡದು ಬೆರಳು ಜೋಮು ಹಿಡಿದುವು. ಹುಮನಾಬಾದ್ ಹೈವೇಕ್ಕೇನೂ ಕಡಿಮಿ ಇಲ್ಲ, ಹಾರ್ನ್ ಒಂದು ಹೊಡ್ಯಂಗಿಲ್ಲ ಅಷ್ಟೇ.

ಲಾಂಜೆದಾಗ ಹೊಳಿ ಮ್ಯಾಲ ಒಂದು ತೂಗು ಸೇತುವೆ ಅದ. ಸಾಕಾಗಿ ಅದನ್ನ ದಾಟಿ ದಕ್ಷಿಣ ದಂಡಿಗೆ ಬಂದೆ ನೋಡ್ರಿ, ಐದು ನಿಮಿಷದಾಗ ಬ್ಯಾರೆ ದೇಶಕ್ಕ ಬಂದಂಗಾಯ್ತು. ಅಲ್ಲೂ ಒಡ್ಡೇ, ಅದರ ಮ್ಯಾಲೂ ಡಾಂಬರ್ ರಸ್ತಾನೇ, ಆದ್ರ ಖಾಲಿ. ನನ್ನ ಚೈನಿನ ಸಪ್ಪಳ ನನಗ ಕೇಳ್ತಿತ್ತು, ಒಂದು ಕಡಿ ಎಣ್ಣಿ ಹತ್ತಿಲ್ಲ ಅಂತ ಆಗೇ ಗೊತ್ತಾಗಿದ್ದು. ಬಲಕ್ಕ ಹೊಳ್ಯಾಗ ಉಸುಕಿನ ದಿಬ್ಬ, ಅದರ ಮ್ಯಾಲ ಬಕಪಕ್ಷಿ ಒಂದು ಕಾಲಿನ ಮ್ಯಾಲ ನಿಂತಿತ್ತು, ಎಡಕ್ಕ ಒಡ್ಡಿನ ಕೆಳಗ ಹೊಲ, ಮನಿ. ಬ್ರೆಯೆಮೋಂ ಅಂತ ಒಂದು ಹಳ್ಳಿ ಬರ್ತದ, ಅಲ್ಲಿ ತನಕ ಎಣಿಸಿ ಮೂರು ಕಾರು ಬಂದುವು.

ಅಂದ್ರ ನಿಮಗ ಬೇಕಾಗಿದ್ದು ಈ ದಕ್ಷಿಣದ ದಂಡಿ. ತೂರ್‌ನಿಂದ ಶೇರ್ ಅನ್ನೋ ಇನ್ನೊಂದು ಹೊಳಿ ಗುಂಟ ಸವೋನಿಯೇರ್, ವಿಲಾಂದ್ರಿ ಹೋಗ್ರಿ, ವಿಲಾಂದ್ರಿ ತನಕ 20 ಕಿಲೋಮೀಟರ್ ಒಳಗ ಮುಗೀತದ. ಅಲ್ಲಿ ಕೋಟಿ ಮುಂದ ಒಂದು ತ್ವಾಟ ಅದ, ಹೂವಿನ ಬದಲು ಕೋಸು, ಬದನಿಕಾಯಿ, ಗಜ್ಜರಿ ಬಣ್ಣ ನೋಡಿ ರಂಗೋಲಿಗತೆ ಹಚ್ಚ್ಯಾರ, ಅಕ್ಕಾರಿಗೆ ಅದು ಲೈಕ್ ಆಗ್ತದ. ಮುಂದ ಶೇರ್ ಹೋಗಿ ಲ್ವಾರ್ ಕೂಡ್ತದ, ಅಲ್ಲಿಂದ ಬ್ರೆಯೆಮೋಂ, ಯೂಸೆ, ಆಮ್ಯಾಲ ಕಾಂದ್ ಸಾಂ ಮಾರ್ತಾಂ, ಅಲ್ಲಿ ವಿಯೆನ್ ಹೊಳಿ ಬಂದು ಕೂಡೋ ಸಂಗಮ, ಮುಂದ ಮೋಂಸೋರೋ, ಸೋಮ್ಯೂರ್. ಎಲ್ಲಾ ಸೇರಿ ಹತ್ತಿರ ಹತ್ತಿರ 75 ಕಿಲೋಮೀಟರ್, ಮೂರು ದಿನಕ್ಕ ಹಂಚ್ಕೊಂಡ್ರ ಅಕ್ಕಾರಿಗೂ ತ್ರಾಸ ಇಲ್ಲ. ಬೋರ್ಡ್ ಹಾಕಿದ ದೊಡ್ಡ ರೂಟು ಪೂರಾ 900 ಕಿಲೋಮೀಟರ್ ಅದ, ನೆವೇರ್ ಹತ್ತಿರದಿಂದ ಸಮುದ್ರದ ತನಕ, ಅದರ ದೊಡ್ಡ ಭಾಗ ಕಪ್ಪು ಸಮುದ್ರಕ್ಕ ಹೋಗೋ ಯೂರೋವೆಲೋ 6 ರೂಟಿನ್ಯಾಗೂ ಬರ್ತದ. ಅದರ ತಲಿಬ್ಯಾನಿ ನಿಮಗ ಬ್ಯಾಡ.

ಒಂದೇ ಜಾಗದಾಗ ಹುಷಾರು. ಮೋಂಸೋರೋದಿಂದ ಸೋಮ್ಯೂರಿಗೆ ಹೊಳಿ ಬಾಜೂಕಿನ ದೊಡ್ಡ ರಸ್ತಾದಾಗ ಗಾಡಿ ಭಾಳ. ಸೈಕಲ್ ಬೋರ್ಡ್ ನಿಮ್ಮನ್ನ ಎಡಕ್ಕ ಗುಡ್ಡದ ಕಡಿ ಹತ್ತಸ್ತದ, ಯಾಕ್ ಹತ್ತಬೇಕು ಅಂತ ಬೈಕೋಬ್ಯಾಡ್ರಿ, ಹತ್ತ್ರಿ. ಅಲ್ಲಿ ಗುಡ್ಡದೊಳಗ ಕೊರದು ಮಾಡಿದ ಮನಿ ಅವ, ತೂಫೋ ಅಂತ ಮೆತ್ತನ ಬಿಳಿ ಸುಣ್ಣಗಲ್ಲು. ನಮ್ಮ ಕಡಿ ಶಹಾಬಾದ್ ಫರಶಿ ಇಲ್ಲದ ಮನಿ ಹೆಂಗ ಇಲ್ಲೋ ಅಲ್ಲಿ ಈ ಕಲ್ಲು ಇಲ್ಲದ ಮನಿ ಇಲ್ಲ. ಕೋಟಿಗಳೂ ಅದರವೇ, ಕಲ್ಲು ತಗದ ಗವಿಯಾಗ ಈಗ ಅಣಬಿ ಬೆಳಿತಾರ.

ಭೀಮಾ ದಂಡಿ (ಯಾದಗಿರಿ)

ಹೊಳಿ ದಂಡಿ ಬೇಕಂದ್ರ ಸನ್ನತಿ ಕಡಿ ಬರ್ರಿ ಸಾಹೇಬ್ರ, ವೀಸಾ ಬೇಕಾಗಂಗಿಲ್ಲ 😄 ಗಾಡಿನೂ ಕಡಿಮಿ, ರಸ್ತಾನೂ ಕಡಿಮಿ.

ಸೈಕಲ್ ಮಾತ್ರ ಒಯ್ಯಬ್ಯಾಡ್ರಿ. ನಾನು ಒಮ್ಮಿ ಯುರೋಪಿಗೆ ನನ್ನ ಸೈಕಲ್ ಡಬ್ಬಿಯಾಗ ಪ್ಯಾಕ್ ಮಾಡಿ ಒಯ್ದೆ, ಥರ್ಮಾಕೋಲು, ಹಳೀ ಚಾದರ ಎಲ್ಲಾ ಸುತ್ತಿದ್ದೆ, ಇಳದು ನೋಡಿದ್ರ ಹಿಂದಿನ ಗೇರ್ ತೂಗಾಡೋ ಕೊಂಡಿ ಒಳಗ ಬಾಗಿ ಕಡ್ಡಿಗೆ ತಾಗ್ಲಾಕತ್ತಿತ್ತು. ವಿಮಾನ ಕಂಪನಿಯವ್ರು ಡಬ್ಬಿ ಮ್ಯಾಲ ಏನೂ ಆಗಿಲ್ಲಲ್ರಿ ಅಂದು ಕೈ ತೊಳಕೊಂಡ್ರು. ಅಂಥಾ ಕೊಂಡಿ ಸಿಗೋತನಕ ಎರಡು ದಿನ ಬಜಾರ್ ಸುತ್ತೋದೇ ಆಯ್ತು, ಸೈಕಲ್ ಟೂರ್ ಹೋಗಿ ನಡಕೊಂಡು ಊರ ನೋಡಿ ಬಂದೆ. ಅಕ್ಕಾರಿಗೆ ಬ್ಯಾಟರಿ ಸೈಕಲ್ ಕೊಡಸ್ರಿ, ನೀವು ಸಾದಾ ತಗೋರಿ, ಆಗ ಯಾರು ಯಾರನ್ನ ಕಾಯ್ತಾರ ನೋಡೂಣು.

ಆಳಂದದಾಂವ, ಈಗ ಒರ್ಲೆಯಾಂ

ಸವಾರ ಅವ್ರೆ, ನಾನು ಇಲ್ಲೇ ಲ್ವಾರ್ ದಂಡಿ ಮ್ಯಾಲೇ ಕೆಲಸಕ್ಕಿದ್ದೀನಿ, ವೀಕೆಂಡಿಗೆ ಇದೇ ಧಂದಾ. ಬೀದರ ಅಣ್ಣ ಹೇಳಿದ್ದು ಬರೋಬ್ಬರಿ ಅದ, ಆದ್ರ ಗಾಳಿ ಮಾತು ಬಿಟ್ಟಾರ.

ಇಲ್ಲಿ ಗಾಳಿ ಜಾಸ್ತಿ ದಿನ ಪಡುವಣದಿಂದ, ಸಮುದ್ರದ ಕಡಿಯಿಂದ ಬರ್ತದ. ಹೊಳಿನೂ ಪಡುವಣಕ್ಕೇ ಹರೀತದ. ಮಂದಿ ಹೊಳಿ ಜೋಡಿ ಹೋದ್ರ ಇಳಿಜಾರು ಸಿಗ್ತದ ಅಂತ ಪೂರ್ವದಿಂದ ಪಶ್ಚಿಮಕ್ಕ ಹೊಡಿತಾರ, ಇಂಥಾ ಸಪಾಟ ಕಣಿವ್ಯಾಗ ಆ ಇಳಿಜಾರು ಕಾಲಿಗೆ ಗೊತ್ತೇ ಆಗಂಗಿಲ್ಲ, ಎದುರು ಗಾಳಿ ಮಾತ್ರ ಎದಿಗೆ ಬಡೀತದ. ಗುಡ್ಡ ಇಲ್ಲ, ಒಡ್ಡಿನ ಮ್ಯಾಲ ಗಿಡನೂ ಇಲ್ಲ, ತಡ್ಯೋದು ಏನೂ ಇಲ್ಲ. ನಿಮಗಿದು ನಾ ಹೇಳ್ಬೇಕಿಲ್ಲ, ಆಷಾಢದಾಗ ಜೇವರ್ಗಿ ಕಡಿ ಹೋಗೂವಾಗ ಏನಾಗ್ತದ, ವಾಪಸ್ ಬರೂವಾಗ ಏನಾಗ್ತದ ನಿಮ್ಮ ತೊಡಿಗೆ ಗೊತ್ತದ. ಅದಕ್ಕ ತೂರ್‌ನಿಂದ ಸೋಮ್ಯೂರಿಗೆ ರೈಲಿಗೆ ಹೋಗ್ರಿ, ಅಲ್ಲಿಂದ ತೂರ್ ಕಡಿ ಹೊಡೀರಿ. ಟಿಇಆರ್ ಅಂತ ಲೋಕಲ್ ರೈಲು, ಅದರಾಗ ಸೈಕಲ್ ತೂಗು ಹಾಕೋ ಜಾಗ ಇರ್ತದ. ಬೇಸಿಗಿಯಾಗ ರಶ್ ಇರ್ತದ, ಹೊಂಡೋ ಮುಂಚೆ ಮಗಳ ಕಡಿಂದ ಆ ದಿನದ ನಿಯಮ ಒಮ್ಮಿ ನೋಡಸ್ರಿ.

ಶಾಂತ ರಸ್ತಾ ಹುಡುಕೋದು ಹೆಂಗ ಅಂದ್ರ, ಮಿಶೆಲಾಂ ಕಾಗದದ ಮ್ಯಾಪ್ ಒಂದು ತಗೋರಿ. ಕೆಂಪು ಗೀಟು ದೊಡ್ಡ ರಸ್ತಾ, ಹಳದಿ ಅದರ ತಮ್ಮ, ಬಿಳಿದು ಹಳ್ಳಿ ರಸ್ತಾ. ಬಿಳಿದೇ ಹಿಡೀರಿ. ಬೋರ್ಡಿನ ರೂಟ್ ಛಲೋ ಅದ, ಅದರಾಗೂ ರವಿವಾರ ತೂರ್ ಹತ್ತಿರ ಮಕ್ಕಳು ಮರಿ ನಾಯಿ ಎಲ್ಲಾ ಬರ್ತಾವ, ಆವತ್ತು ಒಡ್ಡಿನ ಹಿಂದಿನ ಬಿಳಿ ರಸ್ತಾನೇ ಶಾಂತ ಇರ್ತದ. ಇನ್ನ ಬೋರ್ಡ್ ಇದ್ದಲ್ಲೆಲ್ಲಾ ಸಪಾಟ ಅಂತ ತಿಳಕೋಬ್ಯಾಡ್ರಿ, ಶೋಮೋಂ ಮತ್ತ ಅಂಬ್ವಾಜ್ ನಡುವ ದ್ರಾಕ್ಷಿ ತ್ವಾಟದ ಮ್ಯಾಲ ಹತ್ತಿಸಿ ಇಳಸ್ತದ. ಅಂಬ್ವಾಜಿಗೆ ರೈಲಿಗೇ ಹೋಗಿ ಬರ್ರಿ, ಲಿಯೊನಾರ್ಡೊ ಡಾ ವಿಂಚಿ 1519ರಾಗ ತೀರ್ಕೊಂಡಿದ್ದು ಅಲ್ಲೇ, ಆ ಮನಿ ಈಗ್ಲೂ ಅದ.

ಕಾಯ್ದೆ ಮಾತು. ಗಾಡಿ ಬಲಕ್ಕ ನಡೀತಾವ, ಅದು ಗೊತ್ತಿರ್ತದ. ಗೊತ್ತಿಲ್ಲದ್ದು ಅಂದ್ರ ಹಳ್ಳಿಯಾಗ ಬೋರ್ಡ್ ಗೀರ್ಡ್ ಇಲ್ಲದ ಕೂಡುರಸ್ತಾದಾಗ ಬಲದಿಂದ ಬರಾಂವಗ ಮೊದಲು ದಾರಿ, ಸಂದಿಯಿಂದ ಟ್ರ್ಯಾಕ್ಟರ್ ಬಂದ್ರೂ ಅವನೇ ರಾಜ, ಸೆಪ್ಟೆಂಬರದಾಗ ದ್ರಾಕ್ಷಿ ಸುಗ್ಗಿ, ಟ್ರ್ಯಾಕ್ಟರ್ ಭಾಳ ಇರ್ತಾವ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಹೊಡ್ಯಂಗಿಲ್ಲ, ದಂಡ ಅದ. ಊರ ಹೊರಗ ಕಾರಿನವರು ಸೈಕಲ್ ದಾಟೂವಾಗ ಒಂದೂವರೆ ಮೀಟರ್ ಬಿಡಬೇಕು, ಭಾಳ ಮಂದಿ ಬಿಡ್ತಾರ. ಅಕ್ಕಾರಿಗೆ ಇದನ್ನ ಮೊದಲೇ ಹೇಳಿ ಇಡ್ರಿ, ಯಾಕಂದ್ರ ಹಿಂದಿನ ಕಾರಿನಾಂವ ಹಾರ್ನ್ ಹೊಡೀದೇ ಸುಮ್ನ ಹಿಂದ ಹಿಂದ ಬರ್ತಾನ, ಇಂವ ಯಾಕ ಬೆನ್ನ ಹತ್ಯಾನ ಅಂತ ಗಾಬರಿ ಆಗ್ತದ, ಅಂವ ಜಾಗ ಸಿಗ್ಲಿ ಅಂತ ಕಾಯ್ತಿರ್ತಾನ.

ನೀರು ಖಾಲಿ ಆದ್ರ ಸ್ಮಶಾನಕ್ಕ ಹೋಗ್ರಿ. ನಗಬ್ಯಾಡ್ರಿ, ಖರೇನೇ. ಹೂವಿಗೆ ನೀರು ಹಾಕ್ಲಿಕ್ಕ ಪ್ರತಿ ಊರಿನ ಗೋರಿ ಜಾಗದಾಗ ನಳ ಇರ್ತದ, ಇಲ್ಲಿನ ಸೈಕಲ್ ಮಂದಿ ಎಲ್ಲಾ ಅಲ್ಲೇ ತುಂಬ್ಕೊಳ್ಳೋದು. 'ನೋಂ ಪೊತಾಬ್ಲ್' ಅಂತ ಬರದಿದ್ರ ಮಾತ್ರ ಕುಡೀಬ್ಯಾಡ್ರಿ.

ಬಿಸಿಲೂರ ಸವಾರ

ಭಾಳ ಉಪಕಾರ ಆಯ್ತ್ರಿ ಎಲ್ಲಾರದೂ. ಸ್ಮಶಾನದ ಮಾತು ಓದಿ ಹೇಳ್ದೆ, ನಮ್ಮ ಮನಿಯವರು ನೀವು ಒಳಗ ಹೋಗ್ರಿ, ನಾ ಹೊರಗ ನಿಂತಿರ್ತೀನಿ ಅಂದ್ರು. ಹಾರ್ನ್ ಇಲ್ಲದ್ದು ಕೇಳಿ ಮಾತ್ರ ಖುಷಿ ಆಗ್ಯಾರ. ಊಟದ್ದು ಯಾರೂ ಹೇಳಲಿಲ್ಲ. ಇನ್ನೊಂದು, 2020ರ ಅಕ್ಟೋಬರದಾಗ ಭೀಮಾ ಬಂದಾಗ ನಮ್ಮ ಅತ್ತಿ ಮನಿ ಊರಾಗ ನೀರು ಕಟ್ಟಿ ಹತ್ತಿತ್ತು, ಅವಾಗಿಂದ ಇವರಿಗೆ ಹೊಳಿ ದಂಡಿಗೆ ಮುಕ್ಕಾಂ ಅಂದ್ರ ಅಂಜಿಕಿ. ಅಲ್ಲಿ ಹೆಂಗ್ರಿ?

ಆಳಂದದಾಂವ, ಈಗ ಒರ್ಲೆಯಾಂ

ಅಕ್ಕಾರಿಗೆ ಅಂಜಬ್ಯಾಡ್ರಿ ಅಂತ ಹೇಳ್ರಿ, ಸೆಪ್ಟೆಂಬರದಾಗ ಲ್ವಾರ್ ಅಂದ್ರ ನಮ್ಮ ಏಪ್ರಿಲ್ ತಿಂಗಳ ಭೀಮಾ, ಉಸುಕೇ ಜಾಸ್ತಿ. ಆದ್ರ ಈ ಹೊಳಿನೂ ಸಾದಾ ಅಲ್ಲ. 1846, 1856, 1866 ಮೂರು ಸಲ ಒಡ್ಡು ಒಡದು ಊರಿಗೆ ಊರೇ ಮುಳುಗ್ಯಾವ, ದಂಡಿ ಊರಿನ ಗ್ವಾಡಿ ಮ್ಯಾಲ ನೀರು ಎಲ್ಲಿತನಕ ಬಂದಿತ್ತು ಅಂತ ಗೀಟು ಕೊರದು ಇಸವಿ ಬರದಾರ. ನಾ ಆರಡಿ ಮನಷ್ಯ, ಒಂದು ಕಡಿ ಕೈ ಎತ್ತಿದ್ರೂ 1856ರ ಗೀಟು ಸಿಗಲಿಲ್ಲ. ನೀವು ಹೊಡ್ಯೋ ಒಡ್ಡು ಅದಕ್ಕೇ ಕಟ್ಟಿದ್ದು, ಮಧ್ಯಯುಗದಿಂದ ಎತ್ತರಿಸ್ಕೋತ ಬಂದಾರ. ಹೊಳಿಯಾಗ ಮಾತ್ರ ಇಳೀಬ್ಯಾಡ್ರಿ, ಮ್ಯಾಲ ಶಾಂತ ಕಂಡ್ರೂ ಉಸುಕಿನ ಬಾಜೂಕ ಸೆಳವು ಕೆಟ್ಟದ್ದದ.

ಊಟ. ಮಧ್ಯಾಹ್ನ ಹೋಟೆಲ್‌ನಾಗ 12ರಿಂದ 2, ಎರಡು ದಾಟಿದ್ರ ಅಡಗಿಮನಿ ಬಂದ್. ಹಳ್ಳಿ ಅಂಗಡಿ ಅದೇ ಹೊತ್ತಿಗೆ ಬಾಗಲಾ ಹಾಕ್ತಾವ, ಸೋಮವಾರ ಭಾಳ ಕಡಿ ಪೂರಾ ಬಂದ್. ಮುಂಜಾನಿ ಬೇಕರಿಯಾಗ ಬ್ರೆಡ್ಡು ಹಣ್ಣು ಕಟ್ಕೊಂಡೇ ಹೊಂಡ್ರಿ. ಸೋಮ್ಯೂರ್ ಕಡಿ ಗವಿ ಹೋಟೆಲ್‌ನಾಗ ಫುವೆ ಅಂತ ಕೊಡ್ತಾರ, ಕಟ್ಟಗಿ ಒಲಿಯಾಗ ಪೂರಿಗತೆ ಉಬ್ಬಿದ ಬಿಸಿ ರೊಟ್ಟಿ, ಅದರ ಹೊಟ್ಟಿ ಸೀಳಿ ಬಿಳಿ ಬೀನ್ಸ್ ಪಲ್ಯ ತುಂಬ್ಕೊಂಡು ತಿನ್ನೋದು. ಬೀನ್ಸಿನ್ಯಾಗ ಮಾಂಸ ಹಾಕ್ಯಾರೇನ್ ಕೇಳೇ ತಗೋರಿ. ಆಡಿನ ಹಾಲಿನ ಚೀಸ್ ಎಲ್ಲಾ ಕಡಿ ಕೊಡ್ತಾರ, ನಡುವ ಹುಲ್ಲಿನ ಕಡ್ಡಿ ಇರೋ ಉದ್ದಂದು ತೂರ್ ಸೀಮಿದೇ, ಆದ್ರ ಹಾಲು ಒಡಸ್ಲಿಕ್ಕ ಕರುವಿನ ಹೊಟ್ಟಿಯಿಂದ ತಗದದ್ದು ಹಾಕ್ತಾರ, ಪಕ್ಕಾ ಅಂದ್ರ ಅದೂ ನಡ್ಯಂಗಿಲ್ಲ.

ಬೀದರ ಪೆಡಲ್

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ರಿ ಸರ. ನಾ 40 ರೊಟ್ಟಿ ಒಯ್ದಿದ್ದೆ, ಸೈಕಲ್ ಚೀಲದಾಗ ಚೂರಾಗ್ತಾವ, ಆದ್ರ ಚೂರಾದ ರೊಟ್ಟಿಗೆ ಮೊಸರು ಕಲಸಿದ್ರ ಯಾರ್ ಬ್ಯಾಡಂತಾರ. ತುಪ್ಪ, ಪೇಡೆ, ಹಾಲಿಂದು ಏನೂ ಒಯ್ಯಬ್ಯಾಡ್ರಿ, ಏರ್‌ಪೋರ್ಟಿನ್ಯಾಗ ತಗದು ಇಟ್ಕೋತಾರ. ಗಾಳಿ ಮಾತು ನಾ ಬರೀಲಿಲ್ಲ ಯಾಕಂದ್ರ ನನಗ ಎಂಟೂ ದಿನ ಎದುರಿಗೇ ಬಡದದ, ಅದನ್ನ ನೆನಸೋ ಮನಸಿಲ್ಲ. ಮುಕ್ಕಾಂ ಮಾಡೂವಾಗ 'ಅಕೇ ವೆಲೋ' ಅನ್ನೋ ಬೋರ್ಡ್ ನೋಡ್ರಿ, ಸೈಕಲ್ ಇಡ್ಲಿಕ್ಕ ಕೀಲಿ ಹಾಕೋ ಜಾಗ ಇರ್ತದ.

ಬಿಸಿಲೂರ ಸವಾರ

ಆಯ್ತ್ರಿ, ಪ್ಲಾನ್ ಹಿಂಗ ಮಾಡೀನಿ. ಮಂಗಳವಾರ ರೈಲಿಗೆ ಸೋಮ್ಯೂರ್, ಬುಧವಾರ ಕಾಂದ್ ಸಂಗಮದ ತನಕ, ಗುರುವಾರ ಬ್ರೆಯೆಮೋಂ, ಶುಕ್ರವಾರ ವಿಲಾಂದ್ರಿ ತ್ವಾಟ ನೋಡಿ ಸಂಜಿಗೆ ಮಗಳ ರೂಮಿಗೆ. ಎರಡೂ ಸೈಕಲ್ ತೂರ್‌ನಾಗೇ ಬಾಡಗಿ, ಇವರಿಗೆ ಬ್ಯಾಟರಿದು. ಡಿ 952 ಅನ್ನೋದನ್ನ ಚೀಟಿಯಾಗ ಬರದು ಮ್ಯಾಲ ಕಾಟ ಹೊಡದು ಫ್ರಿಜ್ಜಿಗೆ ಹಚ್ಚ್ಯಾರ ನಮ್ಮ ಮನಿಯವರು. ರೊಟ್ಟಿ ಲೆಕ್ಕ ಇನ್ನೂ ನಡದದ, ನಾ 40 ಅಂತೀನಿ, ಮಗಳು ನನಗ ಬ್ಯಾರೆ ಬೇಕು 60 ತರ್ರಿ ಅಂತಾಳ.