ಸೋಸುವ ಮಡಕೆ: ಒಂದೇ ಅಳತೆಯ ಮೂರರಲ್ಲಿ ಎರಡು ಸುಮ್ಮನೆ ಸುರಿಸುತ್ತಿವೆ

ಕೆರೆಮಣ್ಣು:
ಕುಡಿಯುವ ನೀರು ಸೋಸಲು ಭತ್ತದ ಹೊಟ್ಟು ಬೆರೆಸಿ ಸುಟ್ಟ ಮೂರು ಮಡಕೆಗಳು; ಹೊಟ್ಟು ಉರಿದುಹೋದ ಜಾಗವೇ ನೀರು ಇಳಿಯುವ ರಂಧ್ರ. ಒಂದೊಂದಕ್ಕೂ ಒಣ ಹೆಂಚಿನ ಮಣ್ಣು 5 ಕೆ.ಜಿ., ಹೊಟ್ಟಿನ ಪುಡಿ 1.5 ಕೆ.ಜಿ., ನೀರು 2.5 ಲೀಟರ್. ಗೋಡೆ ದಪ್ಪ 2 ಸೆಂ.ಮೀ., ಆಳ 20. ಸೌದೆ ಗೂಡಿನಲ್ಲಿ 7 ಗಂಟೆಯ ಹೊತ್ತಿನಲ್ಲಿ 850 ಡಿಗ್ರಿ ಮುಟ್ಟಿಸಿ ಉರಿ ನಿಲ್ಲಿಸಿದೆ. 1ನೆಯದು ಗಂಟೆಗೆ 1.8 ಲೀಟರ್ ಇಳಿಸುತ್ತೆ, 2ನೆಯದು 4.2, 3ನೆಯದು 4.6. ಪರೀಕ್ಷೆಗೆಂದು ಜೊತೆಗೆ ಸುಟ್ಟ ಅದೇ ಮಣ್ಣಿನ ಬಿಲ್ಲೆ ಒಡೆದರೆ ನಡುವೆ 6 ಮಿ.ಮೀ. ಕಪ್ಪು ಪಟ್ಟಿ. ಹೊಟ್ಟು ಕಡಿಮೆ ಮಾಡಲಾ?

ಗೂಡಿನ ಬಾಯಿ:
ಹೌದು, 1.2ಕ್ಕೆ ಇಳಿಸಿ. ರಂಧ್ರ ಕಡಿಮೆಯಾದರೆ ಹರಿವೂ ಕಡಿಮೆ.

ಸಣ್ಣರಂಧ್ರ:
ಈಗಲೇ ಬೇಡ. ಹೊಟ್ಟು ಒಂದು ಮಿತಿಗಿಂತ ಕೆಳಗಿಳಿದರೆ ರಂಧ್ರಕ್ಕೂ ರಂಧ್ರಕ್ಕೂ ಕೊಂಡಿಯೇ ತಪ್ಪಿಹೋಗಿ, ಹರಿವು ಮೆಲ್ಲಗೆ ಇಳಿಯುವ ಬದಲು ದಿಢೀರನೆ ಬೀಳುತ್ತೆ. ದೊಡ್ಡ ಕಂಡಿಗಳಿದ್ದರೆ ಅವು ಆಗಲೂ ಹಾಗೇ ಇರ್ತವೆ. ಅಗಲ ಹತ್ತು ಪಟ್ಟಾದರೆ ಒಂದು ಕಂಡಿಯಲ್ಲಿ ಹರಿಯುವ ನೀರು ಹತ್ತು ಸಾವಿರ ಪಟ್ಟು. ಬೆರಳೆಣಿಕೆಯಷ್ಟು ಕಂಡಿ ಸಾಕು, ಇಡೀ ಮಡಕೆಯ ಲೆಕ್ಕ ಕೆಡಿಸೋಕೆ.

ಮೊದಲು ಗುಳ್ಳೆ ಪರೀಕ್ಷೆ ಮಾಡಿ. ಮಡಕೆಯನ್ನು 24 ಗಂಟೆ ನೆನೆಸಿಡಿ, ಒಣ ಮಡಕೆಯಲ್ಲಿ ಇದಕ್ಕೂ ಅರ್ಥವಿಲ್ಲ, ಹರಿವಿನ ಅಳತೆಗೂ ಅರ್ಥವಿಲ್ಲ. ಆಮೇಲೆ ಬೋರಲು ಹಿಡಿದು, ತಳ ಮುಳುಗುವವರೆಗೆ ನೀರಿನ ಡ್ರಮ್ಮಿಗೆ ಒತ್ತಿ. ಒಳಗಿನ ಗಾಳಿಗೆ ತಳದ ಹತ್ತಿರ ಸುಮಾರು 20 ಸೆಂ.ಮೀ. ನೀರಿನ ಒತ್ತಡ ಸಿಗುತ್ತೆ. ಅಷ್ಟಕ್ಕೆ ಗುಳ್ಳೆ ಬಿಡುವುದು 0.15 ಮಿ.ಮೀ.ಗಿಂತ ದೊಡ್ಡ ಕಂಡಿ ಮಾತ್ರ. ಒಂದೇ ಜಾಗದಿಂದ ಸರಪಳಿಯಂತೆ ಬಂದರೆ ಬಿರುಕು, ಎಲ್ಲೆಡೆ ಸಾಸಿವೆಯಂತೆ ಬಂದರೆ ಹೊಟ್ಟಿನ ಪುಡಿ ದಪ್ಪ. ಒಂದು ಕೊರತೆಯಿದೆ: ಬಾಯಂಚಿನ ಹತ್ತಿರ ಒತ್ತಡ ಸೊನ್ನೆಗೆ ಬರುವುದರಿಂದ ಅಲ್ಲಿನ ಬಿರುಕು ಈ ಪರೀಕ್ಷೆಗೆ ಸಿಕ್ಕಲ್ಲ. ಅಂಚನ್ನು ಬೆರಳುಗೆಣ್ಣಿನಿಂದ ತಟ್ಟಿ, ಮೊಂಡು ಸದ್ದು ಬರುತ್ತಾ ಕೇಳಿ.

ಹೊಟ್ಟು ಯಾವ ಜರಡಿಯದ್ದು?

ಕೆರೆಮಣ್ಣು:
ಅಡುಗೆಮನೆ ಹಿಟ್ಟಿನ ಜರಡಿ, ಕಣ್ಣು 1 ಮಿ.ಮೀ. ಇರಬಹುದು. ಮೂರನೆಯದಕ್ಕೆ ಹೊಟ್ಟು ಸಾಲದೆ ಬೇರೆ ಚೀಲದ್ದು ಹಾಕಿದ್ದೆ.

1: ಗುಳ್ಳೆ ಇಲ್ಲ. 2: ತಳವೂ ಗೋಡೆಯೂ ಸೇರುವ ಮೂಲೆಯಲ್ಲಿ ಒಂದೇ ಸರಪಳಿ. 3: ತಳದ ಕಡೆಯ ಅರ್ಧದಲ್ಲಿ ಎಲ್ಲ ಕಡೆ ಸಣ್ಣ ಗುಳ್ಳೆ. 2 ಮತ್ತು 3 ಒಡೆದು ಚೂರುಗಳನ್ನು 5 ಗಂಟೆ ಕುದಿಸಿ, ರಾತ್ರಿ ಪೂರ್ತಿ ನೆನೆಸಿ ತೂಗಿದೆ. 2ರ ಗೋಡೆ ಚೂರು: ಒಣಗಿದ್ದಾಗ 312 ಗ್ರಾಂ, ನೆನೆದಾಗ 421, ನೀರಲ್ಲಿ ತೂಗುಬಿಟ್ಟಾಗ 188. 3ರದ್ದು: 298, 403, 180.

ಸಣ್ಣರಂಧ್ರ:
ರಂಧ್ರಾಂಶ, ಅಂದರೆ ಚೂರಿನ ಗಾತ್ರದಲ್ಲಿ ರಂಧ್ರದ ಪಾಲು ಎಷ್ಟು ನೋಡೋಣ. ನೆನೆದ ತೂಕದಲ್ಲಿ ಒಣತೂಕ ಕಳೆದು, ಅದನ್ನು ನೆನೆದ ತೂಕಕ್ಕೂ ತೂಗುತೂಕಕ್ಕೂ ಇರುವ ಅಂತರದಿಂದ ಭಾಗಿಸಿ. 2: 109/233, ಶೇ. 46.8. 3: 105/223, ಶೇ. 47.1. 2ರ ಗೋಡೆ 1ರ ಮಿಶ್ರಣವೇ ತಾನೇ? 3ರ ರಂಧ್ರಾಂಶವೂ ಅಷ್ಟೇ, ಹರಿವು ಮಾತ್ರ 1ರ ಎರಡೂವರೆ ಪಟ್ಟು. 3ರ ಹೊಟ್ಟಿನ ತೂಕದಲ್ಲಿ ತಪ್ಪಿಲ್ಲ, ಕಾಳಿನ ಗಾತ್ರದಲ್ಲಿದೆ. 30 ಮೆಶ್ ಜರಡಿ ತನ್ನಿ, ಕಣ್ಣು 0.6 ಮಿ.ಮೀ. ಜರಡಿ ಹಿಡಿದ ಮೇಲೆ ಎಲ್ಲ ಚೀಲದ್ದನ್ನೂ ಒಟ್ಟಿಗೆ ಸುರಿದು ಕಲಸಿ, ಆಮೇಲೆ ತೂಗಿ.

2ರದ್ದು ಮಣ್ಣಿನ ತಪ್ಪಲ್ಲ, ಕೈ ತಪ್ಪು. ತಳವನ್ನು ಬೇರೆ ತಟ್ಟಿ ಅಂಟಿಸಿದ್ದೀರಿ ಅನ್ಸುತ್ತೆ. ಒಂದೇ ಮುದ್ದೆಯನ್ನು ಅಚ್ಚಿನ ಮೇಲೆ ಒತ್ತಿ ಎಳೆಯಿರಿ.

ಗೂಡಿನ ಬಾಯಿ:
ಒಪ್ಪಿದೆ. ಆದರೆ ಆ ಕಪ್ಪು ಪಟ್ಟಿ ಬಿಟ್ಟುಬಿಡಬೇಡಿ. ಅದು ಉರಿಯದೆ ಉಳಿದ ಇಂಗಾಲ, ರಂಧ್ರದೊಳಗೆ ಬಿರಡೆಯಂತೆ ಕೂತಿದೆ. ಅಂದರೆ 1ನೆಯದರ 1.8 ಲೀಟರನ್ನೂ ನಂಬೋಕಾಗಲ್ಲ.

300 ಡಿಗ್ರಿ ದಾಟಿದ ಮೇಲೆ ಹೊಟ್ಟೇ ಸೌದೆಯಾಗುತ್ತೆ. ಮೂರು ಮಡಕೆಯಲ್ಲಿ ನಾಲ್ಕೂವರೆ ಕೆ.ಜಿ. ಹೊಟ್ಟಿದೆ, ಉಷ್ಣಮಾಪಕ ತಾನಾಗೇ ಓಡುತ್ತೆ. ಆಗ ಸೌದೆ ಹಿಂದಕ್ಕೆಳೆದು ಗಾಳಿಕಂಡಿ ಪೂರ್ತಿ ತೆರೆಯಿರಿ. 100ರಲ್ಲಿ 2–3 ಗಂಟೆ, 300ರಿಂದ 600ಕ್ಕೆ ಗಂಟೆಗೆ 60–70 ಡಿಗ್ರಿ, 700ರಲ್ಲಿ ಒಂದೂವರೆ ಗಂಟೆ ನಿಲ್ಲಿಸಿ, ಆಮೇಲೆ 850. ಇಳಿಯುವಾಗ 573ರ ಸುತ್ತ ಗೂಡು ತೆರೆಯಬೇಡಿ, ಮಣ್ಣಿನಲ್ಲಿರೋ ಬೆಣಚು ಅಲ್ಲಿ ಕುಗ್ಗುತ್ತೆ, ಮಡಕೆ ಸೀಳುತ್ತೆ. ಗೋಡೆ 1.5 ಸೆಂ.ಮೀ.ಗೆ ಇಳಿಸಿದರೆ ಇಂಗಾಲ ಉರಿಯೋ ಹೊತ್ತು ಹೆಚ್ಚುಕಡಿಮೆ ಅರ್ಧವಾಗುತ್ತೆ. ಭತ್ತದ ಹೊಟ್ಟು ಉರಿದ ಮೇಲೂ ಶೇ. 15–20 ಬೂದಿ ಉಳಿಯುತ್ತೆ. ಮರದ ಹುಡಿಗೆ ಆ ರಗಳೆ ಇಲ್ಲ, ಆದರೆ ಅದನ್ನು ಹಾಕಿದರೆ ಅಳತೆ ಹೊಸದಾಗಿ ಹುಡುಕಬೇಕು.

ಕೆರೆಮಣ್ಣು:
1ನೆಯದನ್ನು ಹೀಗೇ ಮತ್ತೆ ಸುಟ್ಟೆ. ನೆನೆಸಿ, ಅಂಚಿನವರೆಗೆ ತುಂಬಿಸಿ ಮೊದಲ ಗಂಟೆ ಅಳೆದೆ: 2.7. ರೋಗಾಣು ಕೊಲ್ಲುವ ಬೆಳ್ಳಿ ದ್ರಾವಣ ಬಳಿಯಬಹುದಾ?

ಸಣ್ಣರಂಧ್ರ:
1.8 ಸುಳ್ಳು ಅಂತಾಯ್ತು. 2.7 ನಡೆಯುತ್ತೆ, ಇಂಥ ಮಡಕೆಗೆ 1ರಿಂದ 3ರೊಳಗೆ ಇರಬೇಕು. ಪೂರ್ತಿ ಒಣಗಿದ ಮೇಲೆ ಒಳಗೂ ಹೊರಗೂ ಬಳಿಯಿರಿ. ಮೊದಲ ಮೂರು ತುಂಬು ನೀರು ಚೆಲ್ಲಿ, ನಾಲ್ಕನೆಯ ಸಲ ಸೋಸಿದ ನೀರನ್ನು, ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಎಚ್‌2ಎಸ್ ಶೀಶೆಗೆ ಹಾಕಿ ಬೆಚ್ಚಗಿಡಿ. 48 ಗಂಟೆಯೊಳಗೆ ಕಪ್ಪಾದರೆ ಆ ಮಡಕೆಯಲ್ಲಿ ಗಿಡ ನೆಡಿ.